ಪ್ರಾರ್ಥನೆಗೆ ಮಟ್ಟು ಹುಡುಕಿದವರು

ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೊರಟ ಬಸ್ಸು ನವನಗರ ದಾಟಿ ಸತ್ತೂರಕ್ಕೆ ಬಂದು ನಿಂತರೆ ಅರ್ಧ ಬಸ್ಸು ಖಾಲಿಯಾಗುತ್ತದೆ. ಇಳಿಯುವವರಲ್ಲಿ ಬಹಳ ಮಂದಿ ಎಸ್‌ಡಿಎಂ ಆಸ್ಪತ್ರೆಗೆ ಬಂದವರು. ಕೈಯಲ್ಲಿ ಬುತ್ತಿ, ಬಗಲಲ್ಲಿ ಎಕ್ಸ್‌ರೇ ಚೀಲ. ಆಸ್ಪತ್ರೆಯ ಜಗಲಿಯಲ್ಲಿ ಕುಳಿತರೆ ಗದಗದ ಕನ್ನಡ, ಹಾವೇರಿ ಕನ್ನಡ, ಶಿರಸಿಯ ಕನ್ನಡ ಎಲ್ಲವೂ ಕಿವಿಗೆ ಬೀಳುತ್ತವೆ. ಅವುಗಳ ನಡುವೆ ಪ್ರಾರ್ಥನೆಗಳೂ ಕೇಳುತ್ತವೆ. ಒಬ್ಬರು ಸಿದ್ಧಾರೂಢರನ್ನು ನೆನೆಯುತ್ತಾರೆ, ಒಬ್ಬರ ಕೈಯಲ್ಲಿ ಜಪಮಣಿ ಉರುಳುತ್ತದೆ, ಇನ್ನೊಬ್ಬರು ತೊಡೆಯ ಮೇಲೆ ಬೈಬಲ್ ತೆರೆದಿಟ್ಟುಕೊಂಡು ಕಣ್ಣು ಮುಚ್ಚಿರುತ್ತಾರೆ. ಆ ಮೂರನೆಯವರ ಪ್ರಾರ್ಥನೆ ಕನ್ನಡದಲ್ಲಿ ಇದೆ ಎಂಬುದು ಈಗ ಯಾರಿಗೂ ವಿಶೇಷವೆನಿಸುವುದಿಲ್ಲ. ಅದು ಕನ್ನಡಕ್ಕೆ ಬಂದ ದಾರಿ ಮಾತ್ರ ಉದ್ದದ್ದು. ಅದರ ಒಂದು ದೊಡ್ಡ ಪಾಲು ಸತ್ತೂರದ ಎರಡೂ ಬದಿಗಿರುವ ಊರುಗಳಿಗೇ ಸೇರಿದ್ದು.

ಈಸ್ಟ್ ಇಂಡಿಯಾ ಕಂಪನಿಯ ಸನದು 1833ರಲ್ಲಿ ನವೀಕರಣಗೊಂಡಾಗ ಬ್ರಿಟಿಷರಲ್ಲದ ಮಿಶನರಿಗಳಿಗೂ ಭಾರತದ ಬಾಗಿಲು ತೆರೆಯಿತು. ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನಲ್ಲಿ 1815ರಲ್ಲಿ ಹುಟ್ಟಿದ ಮಿಶನ್ ಮರುವರ್ಷವೇ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರನ್ನು ಕಳಿಸಿತು. 1834ರಲ್ಲಿ ಅವರು ಮಂಗಳೂರಿನಲ್ಲಿ ನೆಲೆಯೂರಿದರು. ಘಟ್ಟ ಹತ್ತಿ 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಗದಗದ ಪಕ್ಕದ ಬೆಟಗೇರಿ, 1851ರಲ್ಲಿ ಗುಳೇದಗುಡ್ಡ, ಹೀಗೆ ಠಾಣ್ಯಗಳು ಬೆಳೆದವು. ಬಂದವರಲ್ಲಿ ಬಹುತೇಕರು ದಕ್ಷಿಣ ಜರ್ಮನಿಯ ಹಳ್ಳಿ, ಸಣ್ಣ ಪಟ್ಟಣಗಳ ಭಕ್ತ ಮನೆತನಗಳವರು.

ಆಗಿನ ಧಾರವಾಡವನ್ನು ಇಂದಿನ ಕಣ್ಣಿನಿಂದ ನೋಡಬಾರದು. ಮುಂಬೈ ಪ್ರಾಂತದ ದಕ್ಷಿಣ ಅಂಚಿನಲ್ಲಿದ್ದ ಈ ಸೀಮೆಯಲ್ಲಿ ಕಚೇರಿಯ ಮಾತು, ಶಾಲೆಯ ಮಾತು ಮರಾಠಿ. ಕನ್ನಡ ಹೊಲದಲ್ಲಿ, ಒಲೆಯ ಮುಂದೆ, ಮಠದಲ್ಲಿ ಇತ್ತು. ವಾಲ್ಟರ್ ಎಲಿಯಟ್‌ನಂಥ ಕೆಲವು ಅಧಿಕಾರಿಗಳು ಕನ್ನಡ ಶಾಲೆಗಾಗಿ ಬಡಿದಾಡಬೇಕಾದ ಕಾಲ ಅದು. ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಲು ಇನ್ನೂ ಅರ್ಧ ಶತಮಾನ ಬೇಕಿತ್ತು. ಅಂಥ ಹೊತ್ತಿನಲ್ಲಿ ಪರದೇಶದ ಪಾದ್ರಿಗಳು ಸಂತೆಯಲ್ಲಿ ನಿಂತು ಕನ್ನಡದಲ್ಲಿ ಮಾತಾಡಿದರು. ಮಾತು ತಪ್ಪುತ್ತಿತ್ತು, ಉಚ್ಚಾರ ಎಡವುತ್ತಿತ್ತು. ಆದರೂ ದೇವರ ವಿಷಯವನ್ನು ಜನರ ಮಾತಿನಲ್ಲೇ ಹೇಳಬೇಕೆಂಬ ಹಟ ಅವರದು. ವಚನಕಾರರ ನಾಡಿನಲ್ಲಿ ಆ ಹಟ ಹೊಸದೇನಲ್ಲ. ಹೊರಗಿನವರು ಅದನ್ನು ಹಿಡಿದದ್ದು ಹೊಸದು.

ಮೊದಲ ವರ್ಷಗಳಲ್ಲೇ ಒಂದು ವಿಚಿತ್ರ ಪ್ರಸಂಗ ನಡೆಯಿತು. ಕಾಲಜ್ಞಾನದ ಮಾತುಗಳನ್ನು ನಂಬಿದ್ದ ಒಂದು ಗುಂಪಿನ ಜನ ಹುಬ್ಬಳ್ಳಿಯ ಮಿಶನರಿಗಳನ್ನು ಹುಡುಕಿಕೊಂಡು ಬಂದರು. ಪಡುವಲಿಂದ ಬರುವವರು ನಿಜಧರ್ಮ ತರುತ್ತಾರೆಂದು ತಮ್ಮ ಹಿರಿಯರು ಬರೆದಿಟ್ಟಿದ್ದಾರೆ, ಆ ಬರುವವರು ನೀವೇ ಇರಬೇಕು ಎಂಬುದು ಅವರ ಎಣಿಕೆ. ಮಿಶನರಿಗಳ ಎದೆ ಹಿಗ್ಗಿತು. ಸಾವಿರಾರು ಜನ ಒಮ್ಮೆಗೇ ಬಂದುಬಿಡುತ್ತಾರೆಂದು ಕಾದರು, ಮಳಸಮುದ್ರದಲ್ಲಿ 1841ರಲ್ಲಿ ಒಂದು ವಸಾಹತನ್ನೂ ಕಟ್ಟಿದರು. ಯಾರೂ ಹಾಗೆ ಬರಲಿಲ್ಲ. ವಸಾಹತು ಬಾಳಲಿಲ್ಲ. ನನಗೆ ಈ ಪ್ರಸಂಗ ಸೋಲಿನ ಕಥೆಯಾಗಿ ಕಾಣುವುದಿಲ್ಲ. ಎರಡು ಕಡೆಯವರೂ ಪರಸ್ಪರರನ್ನು ತಮ್ಮ ತಮ್ಮ ಪುಸ್ತಕದ ಮೂಲಕ ಓದಲು ನೋಡಿದರು. ಒಬ್ಬರ ಕೈಯಲ್ಲಿ ಕಾಲಜ್ಞಾನ, ಇನ್ನೊಬ್ಬರ ಕೈಯಲ್ಲಿ ಸುವಾರ್ತೆ. ಎದುರಿನವರ ಪುಸ್ತಕವನ್ನು ತಾಳ್ಮೆಯಿಂದ ಓದದೆ ಕೆಲಸ ಸಾಗದು ಎಂಬ ಅರಿವು ಮಿಶನರಿಗಳಲ್ಲಿ ಕೆಲವರಿಗಾದರೂ ಮುಂದೆ ಮೂಡಿತು.

ಆ ಅರಿವು ತೀರಾ ತುರ್ತಾಗಿ ಬೇಕಾದದ್ದು ಹಾಡಿಗೆ. ಬಾಸೆಲ್‌ನವರ ಆರಾಧನೆಯಲ್ಲಿ ಹಾಡಿಲ್ಲದೆ ಏನೂ ನಡೆಯದು. ಸಭೆಯೆಲ್ಲ ಎದ್ದು ನಿಂತು ಒಟ್ಟಾಗಿ ಹಾಡಬೇಕು. ಅವರು ತಾಯ್ನಾಡಿನ ಮಟ್ಟುಗಳನ್ನೇ ತಂದರು, ಅವಕ್ಕೆ ಕನ್ನಡ ಮಾತು ಕೂಡಿಸಿದರು. ಅಲ್ಲಿ ತೊಡಕು ಶುರುವಾಯಿತು. ಜರ್ಮನ್ ಹಾಡು ನಡೆಯುವುದು ಒತ್ತಿನ ಮೇಲೆ. ಒಂದು ಅಕ್ಷರ ಗಟ್ಟಿ, ಒಂದು ಮೆತ್ತಗೆ. ಸಾಲಿನ ಕೊನೆಗೆ ‘ಗಾಟ್’, ‘ವೋರ್ಟ್’, ‘ಬ್ರೋಟ್’ ಎಂಬಂಥ ಒಂದೇ ಅಕ್ಷರದ ಪದ ಗೂಟ ಹೊಡೆದ ಹಾಗೆ ಬಂದು ನಿಲ್ಲುತ್ತದೆ. ಕನ್ನಡದಲ್ಲಿ ಅಂಥ ಗೂಟವಿಲ್ಲ. ದೇವರು, ವಾಕ್ಯವು, ರೊಟ್ಟಿಯು ಎಂದು ಪದಗಳೆಲ್ಲ ಸ್ವರದಲ್ಲಿ ಇಳಿಯುತ್ತವೆ. ಕನ್ನಡದ ಹಾಡು ನಡೆಯುವುದು ಲಘು ಗುರುಗಳ ಅಳತೆಯ ಮೇಲೆ. ಮಟ್ಟು ಉದ್ದ ಎಳೆಯುವ ಕಡೆ ಲಘು ಬಂದು ಕುಳಿತರೆ ಹ್ರಸ್ವ ದೀರ್ಘವಾಗುತ್ತದೆ, ಅರ್ಥ ಕೆಡುತ್ತದೆ. ಮಟ್ಟು ಮುಗಿದರೂ ಪದ ಮುಗಿಯದೆ ಪ್ರತ್ಯಯ ಮುಂದಿನ ಸಾಲಿಗೆ ಜೋತಾಡುತ್ತದೆ. ಹಳೆಯ ಸಭೆಗಳಲ್ಲಿ ಬೆಳೆದವರಿಗೆ ಆ ಮಟ್ಟುಗಳು ಇಂದಿಗೂ ಪ್ರಾಣ, ನಾಲ್ಕು ತಲೆಮಾರು ಹಾಡಿದ ಮೇಲೆ ಅವು ಇಲ್ಲಿಯವೇ ಆಗಿವೆ. ಮೊದಲು ಕೇಳಿದ ಜೋಳದ ಹೊಲದ ಕಿವಿಗೆ ಮಾತ್ರ ಅವು ಪರಕೀಯವೇ ಆಗಿದ್ದಿರಬೇಕು.

ಬೆಟಗೇರಿಯ ಠಾಣ್ಯದ ಪಕ್ಕದಲ್ಲೇ ಗದುಗಿನ ವೀರನಾರಾಯಣ ಗುಡಿ. ಕುಮಾರವ್ಯಾಸ ತನ್ನ ಭಾರತ ಹಾಡಿದ್ದು ಅಲ್ಲಿ. ಆ ಕಾಲದಲ್ಲಿ ಅಕ್ಷರ ಬಾರದವರೂ ಭಾಮಿನಿ ಷಟ್ಪದಿಯನ್ನು ಕೇಳಿಯೇ ಕಲಿತಿದ್ದರು. ಮೂರು ಮಾತ್ರೆ, ನಾಲ್ಕು ಮಾತ್ರೆ, ಮತ್ತೆ ಮೂರು, ಮತ್ತೆ ನಾಲ್ಕು. ಮೂರನೆಯ ಮತ್ತು ಆರನೆಯ ಸಾಲು ಇನ್ನಷ್ಟು ಚಾಚಿ ಒಂದು ಗುರುವಿನ ಮೇಲೆ ಕೂರುತ್ತದೆ. ನಡಿಗೆಯಂತೆ ಸರಾಗ. ಐದೈದು ಮಾತ್ರೆಯ ವಾರ್ಧಕದಲ್ಲಿ ಜೈಮಿನಿ ಭಾರತ ಮನೆಮನೆಯಲ್ಲಿ ಓದಿಸಿಕೊಳ್ಳುತ್ತಿತ್ತು. ಬಾವಿ ತುಂಬ ನೀರಿತ್ತು, ಇಳಿಸಬೇಕಾದ ಕೊಡವನ್ನು ಹುಡುಕಬೇಕಿತ್ತು.

ಹೆರ್ಮನ್ ಮೋಗ್ಲಿಂಗ್ ಅದಕ್ಕೆ ದಾರಿ ಮಾಡಿದರು. 1836ರಲ್ಲಿ ಬಂದ ಇವರನ್ನು ನಾವು ‘ಮಂಗಳೂರು ಸಮಾಚಾರ’ದ ಸಂಪಾದಕರೆಂದು ನೆನೆಯುತ್ತೇವೆ, 1843ರ ಜುಲೈ 1ರಂದು ಹೊರಟ ಆ ಪತ್ರಿಕೆಯ ದಿನವೇ ನಮ್ಮ ಪತ್ರಿಕಾ ದಿನ. ಅದಕ್ಕಿಂತ ದೊಡ್ಡದೆಂದು ನನಗೆ ತೋರುವುದು 1848ರಿಂದ ಅವರು ಹೊರತಂದ ‘ಬಿಬ್ಲಿಯೋಥೆಕಾ ಕರ್ನಾಟಿಕಾ’ ಮಾಲೆ. ನಿವೃತ್ತ ನ್ಯಾಯಾಧೀಶ ಕಾಸಾಮೇಜರ್ ಹಣ ಕೊಟ್ಟರು, ಮಂಗಳೂರಿನ ಕಲ್ಲಚ್ಚಿನಲ್ಲಿ ಜೈಮಿನಿ ಭಾರತ, ತೊರವೆ ರಾಮಾಯಣ, ಬಸವಪುರಾಣಗಳು ಮುದ್ರಣಗೊಂಡವು. 1850ರಲ್ಲಿ ‘ದಾಸರ ಪದಗಳು’ ಬಂತು. ಬಾಯಿಂದ ಬಾಯಿಗೆ ಸಾಗಿ ಬಂದಿದ್ದ ಪುರಂದರರ, ಕನಕರ ಹಾಡುಗಳು ಅಚ್ಚಿನ ಪುಸ್ತಕವಾದದ್ದು ಹೀಗೆ, ಒಬ್ಬ ಕ್ರೈಸ್ತ ಮಿಶನರಿಯ ಕೈಯಿಂದ. ಇವರು ಬಂದದ್ದು ಕಲಿಸಲಿಕ್ಕೆ. ಇಲ್ಲಿನ ದೇವರುಗಳ ಬಗ್ಗೆ ಇವರ ಪ್ರಚಾರ ಪುಸ್ತಿಕೆಗಳಲ್ಲಿ ಕಟುವಾದ, ನೋವಾಗುವ ಮಾತುಗಳಿವೆ; ಅದನ್ನು ಮರೆಸಿ ಹೇಳುವುದು ತಪ್ಪು. ಅಂಥ ಮನುಷ್ಯ ಕೃಷ್ಣನ ಮೇಲಿನ ಪದಗಳನ್ನು ಒಂದೊಂದಾಗಿ ಕೂಡಿಸಿದ ಎಂಬುದೂ ಅಷ್ಟೇ ನಿಜ. ಕಿವಿಗೊಟ್ಟು ಕೇಳದೆ ಹಾಡು ಕೂಡಿಸಲಾಗದು.

1853ರಲ್ಲಿ ಬಂದ ಫೆರ್ಡಿನಾಂಡ್ ಕಿಟ್ಟೆಲ್ ಇನ್ನೂ ಮುಂದೆ ಹೋದರು. ಧಾರವಾಡದ ಕಡೆಯ ಹಳ್ಳಿಗಳಲ್ಲಿ ಓಡಾಡಿದ, ಕನ್ನಡಿಗರೊಳಗೆ ಕನ್ನಡಿಗನಾಗಿ ಇರಬೇಕೆಂದು ಹಂಬಲಿಸಿದ ಈ ಯುವಕ ಇಲ್ಲಿನ ಸಂಗೀತವನ್ನೂ ಅಭ್ಯಾಸ ಮಾಡಿದರು. ಫಲ 1862ರ ‘ಕಥಾಮಾಲೆ’. ಯೇಸುವಿನ ಜೀವನವನ್ನು ಕಿಟ್ಟೆಲ್ ಜರ್ಮನ್ ಮಟ್ಟಿಗೆ ಹೊಂದಿಸಲಿಲ್ಲ, ಕನ್ನಡದ ಛಂದಸ್ಸಿನಲ್ಲಿ ಕಟ್ಟಿದರು. ಹೆಸರನ್ನೇ ನೋಡಿ. ಕುಮಾರವ್ಯಾಸನದು ‘ಕರ್ನಾಟ ಭಾರತ ಕಥಾಮಂಜರಿ’, ಇವರದು ಕಥಾಮಾಲೆ. ಬೆತ್ಲೆಹೇಮಿನ ಕಥೆ ಗದುಗಿನ ಕಥೆಯ ಪಕ್ಕಕ್ಕೆ ಬಂದು ಕುಳಿತಂತೆ.

ಕಿಟ್ಟೆಲ್ ಅಂದರೆ ನಮಗೆ 1894ರ ನಿಘಂಟು, ಸುಮಾರು 70,000 ಪದಗಳ ಆ ಬೆಟ್ಟ. ನಿಘಂಟಿಗೆ ಮೊದಲೇ ಅವರು 1872ರಲ್ಲಿ ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನೂ 1875ರಲ್ಲಿ ನಾಗವರ್ಮನ ‘ಛಂದೋಂಬುಧಿ’ಯನ್ನೂ ಸಂಪಾದಿಸಿದರು. ಕಾಲದ ಸಾಲನ್ನು ಗಮನಿಸಿದರೆ ಮೊದಲು ಬಂದದ್ದು ಹಾಡು, ಆಮೇಲೆ ವ್ಯಾಕರಣ, ಛಂದಸ್ಸು, ಕಡೆಗೆ ನಿಘಂಟು. ಪ್ರಾರ್ಥನೆಗೆ ತಕ್ಕ ಮಟ್ಟು ಹುಡುಕಲು ಹೊರಟವರನ್ನು ಭಾಷೆಯೇ ಕೈಹಿಡಿದು ತನ್ನ ಉಗ್ರಾಣದವರೆಗೆ ಕರೆದೊಯ್ದಿತು ಎಂದು ನಾನು ನಂಬುತ್ತೇನೆ. ಧಾರವಾಡದ ಕಾಲೇಜಿಗೆ ಕಿಟ್ಟೆಲ್ ಹೆಸರು ನಿಂತಿದೆ. ಕಥಾಮಾಲೆಯನ್ನು ನೆನೆಯುವವರು ಮಾತ್ರ ಬಹಳ ಕಡಿಮೆ, ಇದು ನನ್ನನ್ನು ನೋಯಿಸುತ್ತದೆ.

ಬೈಬಲಿನ ಕನ್ನಡ ಇದಕ್ಕೂ ಹಿಂದಿನದು. ಬಳ್ಳಾರಿಯಲ್ಲಿ ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ 1810ರಿಂದ ಅದಕ್ಕೆ ಕೈಹಾಕಿದ್ದರು, 1830ರ ದಶಕದ ಆರಂಭಕ್ಕೆ ಇಡೀ ಬೈಬಲ್ ಕನ್ನಡದಲ್ಲಿತ್ತು. ಆಮೇಲೆ ಬಾಸೆಲ್‌ನ ವೈಗ್ಲೆ ಮೊದಲಾದವರು ತಿದ್ದಿದರು. ಇಂದಿಗೂ ಕನ್ನಡ ಬೈಬಲಿನ ಪರಿವಿಡಿ ತೆರೆದರೆ ನನಗೆ ಮನೆಗೆ ಬಂದಂತಾಗುತ್ತದೆ. ಮೊದಲ ಪುಸ್ತಕಗಳೆಲ್ಲ ರಾಮಾಯಣದ ಹಾಗೆ ಕಾಂಡಗಳು: ಆದಿಕಾಂಡ, ವಿಮೋಚನಕಾಂಡ, ಯಾಜಕಕಾಂಡ. ಮೋಶೆಯ ಜನ ಮರುಭೂಮಿಯಲ್ಲಿ ಅಲೆದ ಕಥೆಗೆ ಅರಣ್ಯಕಾಂಡ ಎಂದೇ ಹೆಸರು. ದಾವೀದನ ಹಾಡುಗಳು ಕೀರ್ತನೆಗಳು. ದಾವೀದ ಅಲ್ಲಿ ದಾಸರ ಪಂಕ್ತಿಯಲ್ಲಿ ಕುಳಿತಿದ್ದಾನೆ. ಇನ್ನೊಂದು ಸೂಕ್ಷ್ಮ: ಹಳೆಯ ಅನುವಾದದಲ್ಲಿ ‘ದೇವರು’ ಎಂಬ ಗೌರವದ ಬಹುವಚನಕ್ಕೆ ‘ಮಾಡಿದನು’ ಎಂಬ ಏಕವಚನದ ಕ್ರಿಯಾಪದ. ವ್ಯಾಕರಣದ ಮೇಷ್ಟ್ರು ಕೆಂಪು ಗೆರೆ ಎಳೆಯಬಹುದು. ದೇವರಿಗೆ ಗೌರವ ಬೇಕು, ದೇವರು ಒಬ್ಬನೇ ಎಂಬುದೂ ಕೆಡಬಾರದು. ಆ ಇಕ್ಕಟ್ಟಿನಲ್ಲಿ ಹುಟ್ಟಿದ ವಾಕ್ಯ ಅದು.

ಇತ್ತ ಕನ್ನಡಕ್ಕೆ ನಡೆದದ್ದು ಅತ್ತ ತುಳುವಿಗೂ ನಡೆಯಿತು. 1847ರಲ್ಲಿ ತುಳುವಿನ ಹೊಸ ಒಡಂಬಡಿಕೆ, 1886ರಲ್ಲಿ ಮೆನ್ನರ್‌ ಅವರ ತುಳು ನಿಘಂಟು. ನೀಲಗಿರಿಯ ಬಡಗರ ನುಡಿಯಲ್ಲಿ ಲೂಕನ ಸುವಾರ್ತೆ ಕನ್ನಡ ಲಿಪಿಯಲ್ಲಿ ಅಚ್ಚಾಯಿತು.

ಕಥೋಲಿಕರ ದಾರಿ ಬೇರೆ. 17ನೆಯ ಶತಮಾನದ ನಡುವಿನಲ್ಲೇ ಶ್ರೀರಂಗಪಟ್ಟಣಕ್ಕೆ ಬಂದ ಯೇಸುಸಭೆಯ ಲಿಯೊನಾರ್ಡೊ ಚಿನ್ನಾಮಿ ಸಂನ್ಯಾಸಿಯ ಉಡುಗೆ ತೊಟ್ಟು ಕನ್ನಡದಲ್ಲಿ ಧರ್ಮಗ್ರಂಥ ಬರೆದವರು. ಆದರೂ ಬಲಿಪೂಜೆಯ ಭಾಷೆ ಲ್ಯಾಟಿನ್ನೇ ಆಗಿ ಉಳಿಯಿತು. 1963ರ ಡಿಸೆಂಬರಿನಲ್ಲಿ ಎರಡನೆಯ ವ್ಯಾಟಿಕನ್ ಸಭೆ ಜನಭಾಷೆಗೆ ಒಪ್ಪಿಗೆ ಕೊಟ್ಟ ಮೇಲೆಯೇ ಪೀಠದ ಮೇಲೆ ಕನ್ನಡ ಕೇಳಿಸಿದ್ದು. 1969ರಲ್ಲಿ ಭಾರತದ ಚರ್ಚುಗಳಿಗೆ ಆರತಿ, ಎಣ್ಣೆದೀಪ, ನೆಲದ ಮೇಲೆ ಕುಳಿತ ಪೂಜೆಗಳಿಗೂ ರೋಮಿನ ಅನುಮತಿ ಸಿಕ್ಕಿತು. ಬೆಳಗಾವಿ ಜಿಲ್ಲೆಯ ದೇಶನೂರಿನವರು ಅಷ್ಟು ಹೊತ್ತು ಕಾಯಲಿಲ್ಲ. ಅಲ್ಲಿ ಯೇಸುಸಭೆಯ ಗುರುಗಳು ಕಾವಿ ಉಟ್ಟು, ಸಸ್ಯಾಹಾರಿಗಳಾಗಿ, ಲಿಂಗಾಯತ ವಿರಕ್ತರ ರೀತಿಯಲ್ಲಿ ಬಾಳಿದರು. ತಮ್ಮ ನೆಲೆಗೆ ಇಟ್ಟ ಹೆಸರು ಸ್ನಾನಿಕ ಅರುಳಪ್ಪನವರ ವಿರಕ್ತ ಮಠ. ಸ್ನಾನಿಕ ಅರುಳಪ್ಪ ಎಂದರೆ ಯೇಸುವಿಗೆ ದೀಕ್ಷಾಸ್ನಾನ ಮಾಡಿಸಿದ ಯೋಹಾನ. ಮಠ ಎಂದರೇನೆಂದು ಬಲ್ಲ ಊರಿನಲ್ಲಿ ಆ ಹೆಸರಿಗೆ ಬೇರೆ ವಿವರಣೆ ಬೇಕಾಗಲಿಲ್ಲ. ಇದನ್ನು ಒಪ್ಪದವರು ಎರಡೂ ಕಡೆ ಇದ್ದಾರೆ. ವೇಷ ಬದಲಿಸಿದರೆ ಒಳಗು ಬದಲಾದೀತೇ ಎಂಬ ಅನುಮಾನ ಒಂದು ಕಡೆ, ನಮ್ಮ ಗುರುತನ್ನು ಇನ್ನೊಬ್ಬರು ತೊಟ್ಟರೆಂಬ ಬೇಸರ ಇನ್ನೊಂದು ಕಡೆ. ಎರಡೂ ಹುರುಳಿಲ್ಲದ ಮಾತಲ್ಲ. ಆದರೂ ಜೀವನವಿಡೀ ನೆಲದ ಮೇಲೆ ಕುಳಿತು, ಜೋಳದ ರೊಟ್ಟಿ ಉಂಡು ಕಳೆದವರ ಬಾಳನ್ನು ಬರಿಯ ವೇಷವೆನ್ನಲು ನನಗೆ ಮನಸ್ಸಾಗದು.

ಮತ್ತೆ ಸತ್ತೂರದ ಜಗಲಿಗೆ ಬರೋಣ. ತೊಡೆಯ ಮೇಲಿನ ಬೈಬಲಿನ ಭಾಷೆ ಗ್ರಂಥದ ಭಾಷೆ. ಬಳ್ಳಾರಿ ಮಂಗಳೂರುಗಳಲ್ಲಿ ಕೂತು ಪಂಡಿತರ ನೆರವಿನಿಂದ ಕಟ್ಟಿದ್ದು. ‘ಅನುಗ್ರಹಿಸು’, ‘ಕರುಣಿಸು’, ‘ಪರಿಪಾಲಿಸು’ ಎಂಬ ಮಾತುಗಳು ಅದರಲ್ಲಿವೆ. ಒಳಗಿನಿಂದ ದಾದಿ ಕೂಗುವುದು ತಡವಾಗುತ್ತದೆ, ಪುಸ್ತಕ ಮುಚ್ಚಿಕೊಳ್ಳುತ್ತದೆ, ತುಟಿಗಳು ಮಾತ್ರ ಆಡುತ್ತಿರುತ್ತವೆ. ಆಗ ಬರುವ ಕನ್ನಡ ಯಾವ ಅಚ್ಚುಕೂಟವೂ ಅಚ್ಚು ಹಾಕಿದ್ದಲ್ಲ. ‘ಅನುಗ್ರಹಿಸು’ ಹೋಗಿ ‘ಕೊಡಪಾ’ ಬರುತ್ತದೆ. ‘ಕೈಬಿಡದಿರು’ ಅಲ್ಲ, ‘ಕೈ ಬಿಡಬ್ಯಾಡ’.