ಅನಮೋಡದ ದಾರಿಗೊಂದು ಸೇತುವೆ ಲಾರಿ

ನಮ್ಮ ಸೇನೆಯ ಎಂಟು ಚಕ್ರದ ತಾಟ್ರಾ ಲಾರಿಯನ್ನು ಹಿಂದಿನಿಂದ ನೋಡಬೇಕು. ಹೇರು ಇಳಿಸಿ ನಿಂತ ಲಾರಿಯಾದರೆ ಚಕ್ರಗಳು ನೆಲ ಮುಟ್ಟುವಲ್ಲಿ ಒಳಕ್ಕೆ ಸರಿದು, ಮೇಲ್ಗಡೆ ಹೊರಕ್ಕೆ ವಾಲಿರುತ್ತವೆ. ಹೇರು ಬಿದ್ದಂತೆ ಅವೇ ಚಕ್ರಗಳು ನೆಟ್ಟಗಾಗುತ್ತವೆ. ಲಾರಿ ತುಂಬಿದೆಯೋ ಖಾಲಿಯೋ ಎಂಬುದನ್ನು ತಾಡಪಾಲು ಎತ್ತದೆಯೇ ಹೇಳಬಹುದು. ಮಿಲಿಟರಿ ವಾಹನಗಳ ಮಾದರಿ ಕಟ್ಟುವ ಹಲವರು ಈ ವಾಲನ್ನು ಮರೆತು ಎಂಟೂ ಚಕ್ರಗಳನ್ನು ನೇರವಾಗಿ ಅಂಟಿಸಿಬಿಡುತ್ತಾರೆ. ಆಮೇಲೆ ಬಣ್ಣ ಎಷ್ಟು ಚೆನ್ನಾಗಿ ಬಂದರೂ ಆ ಲಾರಿಗೆ ತೂಕ ಬರುವುದಿಲ್ಲ. ಮಾದರಿಯಲ್ಲಿ ನಾನು ಎಲ್ಲಕ್ಕಿಂತ ಮೊದಲು ಹುಡುಕುವುದು ಆ ತೂಕವನ್ನು. ಎರಡನೆಯದಾಗಿ, ಅದು ಯಾವ ಊರಿನ ಮಣ್ಣು ತುಳಿದು ಬಂದಿದೆ ಎಂಬುದನ್ನು.

ದಾಂಡೇಲಿ–ಕುಳಗಿ ದಾರಿಯ ಪಕ್ಕದಲ್ಲಿ ಕೂತು ನಾನು ಕಟ್ಟುತ್ತಿರುವುದು ಸರ್ವತ್ರ ಎಂಬ ಸೇತುವೆ ಲಾರಿಯನ್ನು, 1:35ರ ಅಳತೆಯಲ್ಲಿ. ಪುಣೆಯಲ್ಲಿರುವ ಡಿಆರ್‌ಡಿಒ ಎಂಜಿನಿಯರಿಂಗ್ ಪ್ರಯೋಗಾಲಯ ರೂಪಿಸಿದ, ನಮ್ಮ ಬೆಂಗಳೂರಿನ ಬಿಇಎಂಎಲ್ ತಯಾರಿಸುವ ವಾಹನ ಇದು. ಎಂಟು ಚಕ್ರಗಳ ತಾಟ್ರಾದ ಬೆನ್ನ ಮೇಲೆ 15 ಮೀಟರ್ ಉದ್ದದ ಸೇತುವೆಯೊಂದು ಕತ್ತರಿಯ ಮಾದರಿಯಲ್ಲಿ ಮಡಚಿ ಕೂತಿರುತ್ತದೆ. ಹಳ್ಳದ ದಂಡೆಗೆ ಬಂದು ನಿಂತರೆ ಹೈಡ್ರಾಲಿಕ್ ತೋಳುಗಳು ಅದನ್ನು ಎತ್ತಿ, ಬಿಚ್ಚಿ, ಆಚೆಗೆ ಹಾಸುತ್ತವೆ. ಇಂಥ ಐದನ್ನು ಕಂಬಕಾಲುಗಳ ಮೇಲೆ ಒಂದಕ್ಕೊಂದು ಸೇರಿಸಿದರೆ 75 ಮೀಟರ್ ಸೇತುವೆ; ಅದರ ಮೇಲೆ ಟ್ಯಾಂಕು ದಾಟಬಹುದು. ಗಣರಾಜ್ಯೋತ್ಸವದ ಪಥಸಂಚಲನದಲ್ಲಿ ಕ್ಷಿಪಣಿಗಳ ನಡುವೆ ಇದು ಸಾಗಿದರೆ ಜನ ಹೆಚ್ಚು ಗಮನಿಸುವುದಿಲ್ಲ. ನನಗೆ ಮಾತ್ರ ಫಿರಂಗಿ ಹೊತ್ತ ವಾಹನಗಳಿಗಿಂತ ಇದರ ಮೇಲೆಯೇ ಪ್ರೀತಿ. ಪ್ರವಾಹ ಬಂದು ಸೇತುವೆ ಕೊಚ್ಚಿಹೋದ ಊರಿಗೂ ಸೇನೆಯ ಎಂಜಿನಿಯರುಗಳೇ ಬರಬೇಕು.

ಜೋಯಿಡಾ ತಾಲ್ಲೂಕಿಗೆ ಈ ಲಾರಿಯನ್ನು ತಂದು ನಿಲ್ಲಿಸಲು ನನಗೆ ಇನ್ನೊಂದು ಕಾರಣವಿದೆ. 1961ರ ಡಿಸೆಂಬರ್‌ನಲ್ಲಿ ಗೋವಾ ವಿಮೋಚನೆಗೆಂದು ಬೆಳಗಾವಿಯ ಸುತ್ತ ಸೈನ್ಯ ಜಮಾಯಿಸಿತ್ತು. ಮೇಜರ್ ಜನರಲ್ ಕೆ.ಪಿ. ಕ್ಯಾಂಡೆತ್ ಅವರ 17ನೇ ಪದಾತಿ ಡಿವಿಜನ್ನಿನ 63ನೇ ಬ್ರಿಗೇಡ್ ಡಿಸೆಂಬರ್ 18ರಂದು ಇದೇ ತಾಲ್ಲೂಕಿನ ಅನಮೋಡ ಘಟ್ಟದಿಂದಲೇ ಗೋವಾಕ್ಕೆ ಇಳಿಯಿತು. ಮೊಲೆಮ್ ತಲುಪಿ ಫೋಂಡಾ ಕಡೆಗೆ ಹೊರಟ ಆ ಪಡೆಗೆ ದಾರಿಯಲ್ಲಿ ಗುಂಡಿನ ಪ್ರತಿರೋಧ ಸಿಗಲಿಲ್ಲ. ಸಿಕ್ಕಿದ್ದು ಮುರಿದ ಸೇತುವೆಗಳು. ಹಿಂದೆ ಸರಿಯುತ್ತಿದ್ದ ಪೋರ್ಚುಗೀಸರು ಹೊಳೆಗಳ ಮೇಲಿನ ಸೇತುವೆಗಳನ್ನು ಸ್ಫೋಟಿಸಿದ್ದರು. ಬ್ರಿಗೇಡಿನ ಸಿಪಾಯಿಗಳು ಎದೆಮಟ್ಟದ ನೀರು ಹಾಯ್ದು ಮುಂದೆ ಹೋಗಬೇಕಾಯಿತು. ಇಂಥದೊಂದು ಲಾರಿ ಅವರ ಜೊತೆ ಇದ್ದಿದ್ದರೆ ಎಂದು ಘಟ್ಟದ ತಿರುವಿನಲ್ಲಿ ನಿಂತಾಗಲೆಲ್ಲ ಅನಿಸುತ್ತದೆ. ಸರ್ವತ್ರ ಹುಟ್ಟಲು ಇನ್ನೂ ಎಷ್ಟೋ ದಶಕ ಬಾಕಿಯಿತ್ತು, ಹಾಗಾಗಿ ಎರಡನ್ನೂ ಒಂದೇ ದೃಶ್ಯದಲ್ಲಿ ಕೂಡಿಸಿದರೆ ಇತಿಹಾಸಕ್ಕೆ ಮೋಸ. ನನ್ನ ದೃಶ್ಯ ಇಂದಿನದು. ಅದೇ ದಾರಿ, ಅದೇ ಕಾಡು, ಒಂದು ಕವಾಯತಿನ ದಿನ.

ಚಕ್ರಗಳ ವಾಲಿಗೆ ಮರಳಿದರೆ, ಅದರ ಮೂಲ 1923ರಲ್ಲಿದೆ. ಚೆಕೊಸ್ಲೊವಾಕಿಯಾದ ಕೊಪ್ರಿವ್ನಿತ್ಸೆಯಲ್ಲಿ ಹಾನ್ಸ್ ಲೆಡ್ವಿಂಕಾ ಎಂಬ ಎಂಜಿನಿಯರ್ ತಾಟ್ರಾ 11 ಎಂಬ ಕಾರಿಗೆ ಎಲ್ಲರಂತೆ ಎರಡು ಉದ್ದ ಪಟ್ಟಿಗಳ ಚಾಸಿ ಹಾಕದೆ, ನಟ್ಟನಡುವೆ ಒಂದು ಕೊಳವೆಯನ್ನಿಟ್ಟ. ಎಂಜಿನ್ನಿನಿಂದ ಚಕ್ರಕ್ಕೆ ಶಕ್ತಿ ಒಯ್ಯುವ ದಂಡ ಆ ಕೊಳವೆಯ ಒಳಗೇ ತಿರುಗುತ್ತದೆ. ಮಳೆ, ಕೆಸರು, ಕಲ್ಲು ಅದಕ್ಕೆ ತಾಗುವುದಿಲ್ಲ. ಕೊಳವೆಯ ಎರಡೂ ಬದಿಗೆ ಅರ್ಧ ಅಚ್ಚುಗಳು, ಪ್ರತಿಯೊಂದೂ ತನ್ನಷ್ಟಕ್ಕೆ ಮೇಲೆ ಕೆಳಗೆ ತೂಗುತ್ತದೆ. ಎಡಗಡೆಯ ಚಕ್ರ ಗುಂಡಿಗೆ ಇಳಿದರೆ ಬಲಗಡೆಯದಕ್ಕೆ ಅದರ ಗೊಡವೆಯಿಲ್ಲ. ಖಾಲಿ ಲಾರಿಯ ಮೈ ಸ್ಪ್ರಿಂಗಿನ ಮೇಲೆ ಏರಿದಾಗ ಅರ್ಧ ಅಚ್ಚುಗಳು ಕೆಳಕ್ಕೆ ಬಾಗುತ್ತವೆ, ಚಕ್ರದ ಬುಡ ಒಳಕ್ಕೆ ಬರುತ್ತದೆ. ಭಾರತದಲ್ಲಿ ಬಿಇಎಂಎಲ್ 1986ರ ಒಪ್ಪಂದದಿಂದ ತಾಟ್ರಾಗಳನ್ನು ತಯಾರಿಸತೊಡಗಿತು. ಪಿನಾಕಾ ರಾಕೆಟ್, ಬ್ರಹ್ಮೋಸ್, ಸರ್ವತ್ರ ಎಲ್ಲಕ್ಕೂ ಕೆಳಗೆ ಇರುವುದು ಲೆಡ್ವಿಂಕಾನ ಕೊಳವೆಯೇ.

ಇನ್ನೊಂದು ಸೂಕ್ಷ್ಮವೂ ಇದೆ. ತಾಟ್ರಾದ ಎಡ ಮತ್ತು ಬಲ ಅರ್ಧ ಅಚ್ಚುಗಳಿಗೆ ಬೇರೆಬೇರೆ ಹಲ್ಲುಚಕ್ರಗಳು, ಒಂದರ ಹಿಂದೆ ಒಂದು. ಆದ್ದರಿಂದ ಎಡಗಡೆಯ ಚಕ್ರವೂ ಬಲಗಡೆಯ ಚಕ್ರವೂ ಪೂರಾ ಎದುರುಬದುರು ಇರುವುದಿಲ್ಲ, ಒಂದು ತುಸು ಮುಂದೆ, ಇನ್ನೊಂದು ತುಸು ಹಿಂದೆ. 1:35ರಲ್ಲಿ ಆ ಅಂತರ ಬಹಳ ಸಣ್ಣದು. ಅದನ್ನೂ ಬಿಡದೆ ತೋರಿಸಿದವನು ವಾಹನದ ಹೊಟ್ಟೆಯೊಳಗೆ ಏನಿದೆ ಎಂದು ತಿಳಿದೇ ಕಟ್ಟಿದ್ದಾನೆ ಎನ್ನಬಹುದು.

1:35 ಎಂಬ ವಿಚಿತ್ರ ಅಳತೆ ಎಲ್ಲಿಂದ ಬಂತೆಂದು ಹೊಸಬರು ಕೇಳುತ್ತಾರೆ. ಜಪಾನಿನ ತಮಿಯಾ ಕಂಪನಿ 1960ರ ದಶಕದ ಆರಂಭದಲ್ಲಿ ಪ್ಯಾಂಥರ್ ಟ್ಯಾಂಕಿನ ಕಿಟ್ ಮಾಡಿದಾಗ ಅದು ಮೋಟಾರಿನಿಂದ ಓಡಬೇಕಿತ್ತು. ಒಳಗೆ ಬ್ಯಾಟರಿ ಹಿಡಿಸುವಷ್ಟು ದೊಡ್ಡದಾಗಿ ಮೈಯನ್ನು ರೂಪಿಸಿದರು, ಆಮೇಲೆ ಲೆಕ್ಕ ಹಾಕಿದರೆ ಅದು ಸುಮಾರು 35ರಲ್ಲಿ ಒಂದು ಪಾಲು. ಆ ಬ್ಯಾಟರಿಯ ಗಾತ್ರವೇ ಇವತ್ತಿಗೂ ಜಗತ್ತಿನ ಟ್ಯಾಂಕು ಮಾದರಿಗಳ ಅಳತೆಯನ್ನು ಆಳುತ್ತಿದೆ.

ಈ ಅಳತೆಯಲ್ಲಿ 15 ಮೀಟರ್ ಸೇತುವೆ 43 ಸೆಂಟಿಮೀಟರ್‌ಗೆ ಕೊಂಚ ಕಡಿಮೆ. ಮಡಚಿದರೆ ಇಪ್ಪತ್ತೊಂದೂವರೆ. ಎರಡೂವರೆ ಮೀಟರ್ ಅಗಲದ ಲಾರಿ 7 ಸೆಂಟಿಮೀಟರ್ ಚಿಲ್ಲರೆ. ಐದೂ ಸೇತುವೆ ಹಾಸಬೇಕೆಂದು ಆಸೆಪಟ್ಟರೆ 2 ಮೀಟರ್ 14 ಸೆಂಟಿಮೀಟರ್ ಮೇಜು ಬೇಕು, ಜೊತೆಗೆ ಐದು ಲಾರಿ. ಸದ್ಯಕ್ಕೆ ಒಂದೇ ಲಾರಿ, ಒಂದೇ ಸೇತುವೆ.

ಸರ್ವತ್ರದ ಕಿಟ್ ಯಾವ ಅಂಗಡಿಯಲ್ಲೂ ನನ್ನ ಕಣ್ಣಿಗೆ ಬಿದ್ದಿಲ್ಲ. ಹತ್ತಿರದ್ದೆಂದರೆ ಹಾಬಿಬಾಸ್ ಕಂಪನಿಯ ಡಾನಾ, ಅಂದರೆ ತಾಟ್ರಾ 815ರ ಎಂಟು ಚಕ್ರಗಳ ಮೇಲೆ ಕೂತ ಚೆಕ್ ಫಿರಂಗಿ. ಅದರಿಂದ ಚಕ್ರ, ಅಚ್ಚು, ನಡುಗೊಳವೆಯ ಆಕಾರ ಸಿಗುತ್ತವೆ. ಕ್ಯಾಬಿನ್ ಬೇರೆ, ಹಿಂಬದಿಯ ಅಳತೆ ಬೇರೆ. ಅವನ್ನು ಸ್ಟೈರಿನ್ ಹಾಳೆಯಲ್ಲಿ ಕೊಯ್ದು ಕಟ್ಟಬೇಕು. ಭಾರತದ ತಾಟ್ರಾಗಳಲ್ಲಿ ಬಹುಕಾಲ ಸ್ಟಿಯರಿಂಗ್ ಎಡಗಡೆಯೇ ಇತ್ತು. ನಮ್ಮ ರಸ್ತೆಗೆ ಅದು ಒಗ್ಗುವುದಿಲ್ಲ ಎಂಬ ಟೀಕೆ ಬಂದಿದ್ದೂ ಹೌದು. ಕ್ಯಾಬಿನ್ನಿನ ಒಳಗೆ ಚಾಲಕನ ಸೀಟು ಅಂಟಿಸುವ ಮುಂಚೆ ಇದು ನೆನಪಿರಲಿ.

ಅರ್ಧ ಅಚ್ಚುಗಳನ್ನು ಬುಡದಲ್ಲಿ ಗರಗಸದಿಂದ ಬಿಡಿಸಿ, ಹಿತ್ತಾಳೆ ತಂತಿ ತೂರಿಸಿ, ಮತ್ತೆ ಕೂರಿಸುವುದೇ ಕೆಲಸದ ಜೀವಾಳ. ಸೇತುವೆ ಬೆನ್ನ ಮೇಲಿದ್ದರೆ ಅಚ್ಚು ಸಮತಲ. ಹಾಸಿ ಮುಗಿದಿದ್ದರೆ ಕೆಳಕ್ಕೆ ಬಾಗು. ಎರಡರಲ್ಲಿ ಯಾವುದೆಂದು ಮೊದಲ ದಿನವೇ ತೀರ್ಮಾನಿಸಬೇಕು, ಏಕೆಂದರೆ ಟಯರಿನ ಅಡಿಯನ್ನು ಅದಕ್ಕೆ ತಕ್ಕಂತೆ ಓರೆಯಾಗಿ ಉಜ್ಜಬೇಕಾಗುತ್ತದೆ. ಭಾರ ಹೊತ್ತ ಟಯರು ನೆಲ ಮುಟ್ಟುವಲ್ಲಿ ಚಪ್ಪಟೆಯಾಗಿ ಎರಡೂ ಬದಿಗೆ ತುಸು ಉಬ್ಬಿರುತ್ತದೆ. ಉಪ್ಪುಕಾಗದದ ಮೇಲೆ ನಾಲ್ಕೈದು ಸಲ ಎಳೆದರೆ ಸಾಕು, ಅದು ಬರುತ್ತದೆ.

ಸೇತುವೆಯ ಹಾಸಿನಲ್ಲಿ ಬೇರೊಂದು ಎಚ್ಚರ ಬೇಕು. ಇಂಥ ಹಗುರ ಮಿಲಿಟರಿ ಸೇತುವೆಗಳಿಗೆ ಅಲ್ಯೂಮಿನಿಯಂ ಮಿಶ್ರಲೋಹ ಬಳಸುತ್ತಾರೆ. ಬಣ್ಣ ಕಿತ್ತುಹೋದ ಜಾಗದಲ್ಲಿ ಮಂಕು ಬೆಳ್ಳಿ ಬಣ್ಣ ಕಾಣಬೇಕೇ ಹೊರತು ತುಕ್ಕು ಕಾಣಬಾರದು. ಹಳೆಯದೆಂದು ತೋರಿಸಲು ಎಲ್ಲ ಕಡೆಗೂ ಕಂದು ತುಕ್ಕು ಸುರಿಯುವುದು ಈ ಹವ್ಯಾಸದ ದೊಡ್ಡ ಚಾಳಿ. ತುಕ್ಕು ಉಕ್ಕಿಗೆ ಮಾತ್ರ, ಅದೂ ಸೈನಿಕರು ದಿನಾ ಒರೆಸದ ಮೂಲೆಗೆ ಮಾತ್ರ. ನಮ್ಮ ಸೇನೆಯ ವಾಹನಗಳ ಆರೈಕೆ ಕಟ್ಟುನಿಟ್ಟು. ಬಣ್ಣ ಸವೆಯುವುದು ಕೈ ಹಿಡಿಯುವಲ್ಲಿ, ಬೂಟು ಊರುವಲ್ಲಿ, ಸರಪಳಿ ಉಜ್ಜುವಲ್ಲಿ. ನಂಬರ್ ಫಲಕದ ಮೊದಲಿಗೆ ಮೇಲ್ಮುಖವಾದ ಬಾಣ, ಅದರ ಪಕ್ಕದ ಎರಡು ಅಂಕಿ ವಾಹನ ಸೇನೆಗೆ ಸೇರಿದ ವರ್ಷ. ಲಾರಿಯ ವಯಸ್ಸು ಅಲ್ಲೇ ಬರೆದಿರುವುದರಿಂದ ಮೈಮೇಲಿನ ಸವೆತ ಅದಕ್ಕೆ ಹೊಂದಬೇಕು.

ಚಿತ್ರಗಳಿಗಾಗಿ ಸೇನಾ ನೆಲೆಗಳ ಹತ್ತಿರ ಸುಳಿಯುವುದು ತಪ್ಪು, ಕಾನೂನೂ ಒಪ್ಪುವುದಿಲ್ಲ. ಯಲಹಂಕದ ಏರೋ ಇಂಡಿಯಾ, ದೆಹಲಿಯ ಪಥಸಂಚಲನದ ಪ್ರಕಟಿತ ಚಿತ್ರಗಳು ಸಾಕಷ್ಟಿವೆ. ಆದರೆ ಪಥಸಂಚಲನದ ಲಾರಿ ಮದುವಣಿಗನ ಹಾಗೆ, ಟಯರಿಗೂ ಕರಿ ಬಣ್ಣ ಬಳಿದು ನಿಂತಿರುತ್ತದೆ. ಆಕಾರವನ್ನಷ್ಟೇ ಅದರಿಂದ ಕಲಿಯಬೇಕು. ಮಣ್ಣನ್ನು ಇಲ್ಲಿಂದ ಕಲಿಯಬೇಕು.

ಕುಳಗಿಯ ಸುತ್ತಲಿನ ಮಣ್ಣು ಜಂಬಿಟ್ಟಿಗೆ ಮಣ್ಣು. ಇದಕ್ಕೆ ಲ್ಯಾಟರೈಟ್ ಎಂದು ಹೆಸರಿಟ್ಟವನು ಫ್ರಾನ್ಸಿಸ್ ಬುಕಾನನ್, 1807ರಲ್ಲಿ ಅಚ್ಚಾದ ತನ್ನ ಪ್ರವಾಸ ಗ್ರಂಥದಲ್ಲಿ. 1801ರಲ್ಲಿ ಅವನು ಉತ್ತರ ಕನ್ನಡದಲ್ಲೂ ಅಲೆದಿದ್ದ. ಮಣ್ಣಿನ ಕೆಂಪಿಗೆ ಕಾರಣ ಕಬ್ಬಿಣದ ಆಕ್ಸೈಡ್. ನಮ್ಮ ಕರಾವಳಿ ದೇವಸ್ಥಾನಗಳ ಕಾವಿ ಚಿತ್ರಗಳಿಗೂ, ಹಸೆ ಚಿತ್ತಾರದ ಹಿನ್ನೆಲೆಗೆ ಬಳಿಯುವ ಕೆಮ್ಮಣ್ಣಿಗೂ ಬಣ್ಣ ಕೊಡುವುದು ಅದೇ. ಹೊರದೇಶದಿಂದ ಬರುವ ಡಬ್ಬಿಗಳಲ್ಲಿ ಯುರೋಪಿನ ಕೆಸರು, ಅರಬ್ ಮರಳು, ವಿಯೆಟ್ನಾಮಿನ ಕೆಂಪು ಎಲ್ಲ ಸಿಗುತ್ತವೆ. ನಮ್ಮದು ಅವುಗಳಲ್ಲಿಲ್ಲ. ಮಾರ್ಚ್ ತಿಂಗಳಲ್ಲಿ ರಸ್ತೆಯಂಚಿನ ಧೂಳು ಇಟ್ಟಿಗೆ ಬಣ್ಣಕ್ಕೆ ಹಳದಿ ಬೆರೆತಂತಿರುತ್ತದೆ. ಜೂನಿನ ಮೊದಲ ಮಳೆ ಬಿದ್ದೊಡನೆ ಅದೇ ಮಣ್ಣು ಕಡುಗಂದು ರಾಡಿ. ಮ್ಯಾಂಗನೀಸ್ ತೆಗೆದ ಬಿಸಗೋಡಿನ ಕಡೆ ಹೋದರೆ ಕೆಂಪಿನೊಳಗೆ ಕಪ್ಪು ನುಸುಳುತ್ತದೆ. ಒಂದೇ ಜಿಲ್ಲೆಯ ಮೂರು ಬಣ್ಣ, ಮೂರು ಬೇರೆ ಮಾದರಿ.

ನಿಜವಾದ ಮಣ್ಣನ್ನೇ ಬಳಸಬಹುದು, ಒಂದು ಶರತ್ತಿನ ಮೇಲೆ. ಹತ್ತನೇ ಒಂದು ಮಿಲಿಮೀಟರ್ ಗಾತ್ರದ ಮರಳಿನ ಕಣ 1:35ರಲ್ಲಿ ಮೂರೂವರೆ ಮಿಲಿಮೀಟರ್ ಹರಳಾಗಿ ಕಾಣುತ್ತದೆ, ಅದು ಧೂಳಾಗದು. ಆದ್ದರಿಂದ ಮಣ್ಣನ್ನು ಒಣಗಿಸಿ, ಕಲ್ಲಿನಲ್ಲಿ ಅರೆದು, ತೆಳು ಬಟ್ಟೆಯಲ್ಲಿ ಸೋಸಿ, ಹಾರಿ ಕೂತ ಹುಡಿಯನ್ನಷ್ಟೇ ತೆಗೆದುಕೊಳ್ಳಬೇಕು. ಆ ಮಣ್ಣನ್ನು ನಮ್ಮ ಹಿತ್ತಲಿನಿಂದ ತರುತ್ತೇನೆ. ಕುಳಗಿಯಿಂದಾಚೆ ಕಾಳಿ ಹುಲಿ ಸಂರಕ್ಷಿತ ಪ್ರದೇಶ. 1956ರಿಂದ ಅಭಯಾರಣ್ಯವಾಗಿರುವ ಆ ಕಾಡಿನಿಂದ ಒಂದು ಒಣ ಎಲೆಯನ್ನೂ ಎತ್ತಿಕೊಂಡು ಬರಬಾರದು. ನೋಡಿ, ನೆನಪಿಟ್ಟುಕೊಂಡು ಬಂದರೆ ಸಾಕು.

ನೆನಪಿಡುವುದಕ್ಕೆ ಅಲ್ಲಿ ಬೇಕಾದಷ್ಟಿದೆ. ವಾಹನದ ಹಿಂದೆ ಏಳುವ ಧೂಳು ಮೊದಲು ಕೂರುವುದು ಹಿಂಬದಿಯ ಹಲಗೆಯ ಮೇಲೆ, ಮುಂಗಡೆ ಗಾಜಿನ ಮೇಲಲ್ಲ. ಚಕ್ರದ ಹಿಂಭಾಗದ ತಗಡಿಗೆ ರಾಡಿ ಬೀಸಣಿಗೆಯಾಕಾರದಲ್ಲಿ ಸಿಡಿದಿರುತ್ತದೆ. ಹತ್ತು ನಿಮಿಷದ ಮಳೆ ಬಂದು ನಿಂತರೆ ಧೂಳು ಸಮತಲದಿಂದ ತೊಳೆದುಹೋಗಿ ಬೋಲ್ಟುಗಳ ಬುಡದಲ್ಲಿ ಉಳಿಯುತ್ತದೆ, ಬಾಗಿಲ ಮೇಲೆ ಉದ್ದ ಗೆರೆಗಳಾಗಿ ಇಳಿಯುತ್ತದೆ. ಆಲಿವ್ ಹಸಿರಿನ ಮೇಲೆ ಈ ಕೆಂಪು ತೆಳುವಾಗಿ ಬಿದ್ದರೆ ಬಣ್ಣ ಕಂದಿ ಬೂದಿಯಾಗುತ್ತದೆ, ಏಕೆಂದರೆ ಕೆಂಪೂ ಹಸಿರೂ ಒಂದನ್ನೊಂದು ಕೊಲ್ಲುತ್ತವೆ. ಹಾಗಾಗಿ ಕೆಳಗಿನ ಹಸಿರನ್ನೇ ಮೊದಲು ತುಸು ಹಳದಿಯ ಕಡೆಗೆ ತಿಳಿಗೊಳಿಸಿಕೊಳ್ಳುವುದು ಒಳ್ಳೆಯದು.

ಮಳೆಗಾಲದಲ್ಲಿ ಮಾತ್ರ ಇಲ್ಲಿ ಬಣ್ಣ ಹೊಡೆಯಲು ಆಗುವುದಿಲ್ಲ. ತೇವ ತುಂಬಿದ ಗಾಳಿಯಲ್ಲಿ ಲ್ಯಾಕರ್ ಬಣ್ಣವೂ ಮ್ಯಾಟ್ ವಾರ್ನಿಷೂ ಹಾಲಿನ ಕೆನೆಯ ಬಣ್ಣಕ್ಕೆ ತಿರುಗಿ ಮಂಕಾಗುತ್ತವೆ. ತೆಳ್ಳಗಾಗಿಸುವ ದ್ರವ ಆರುವಾಗ ತಣ್ಣಗಾದ ಮೇಲ್ಮೈ ಗಾಳಿಯ ನೀರನ್ನು ಹಿಡಿಯುತ್ತದೆ. ಜೂನಿನಿಂದ ಸೆಪ್ಟೆಂಬರ್‌ವರೆಗೆ ಕೊಯ್ಯುವುದು, ಉಜ್ಜುವುದು, ಅಂಟಿಸುವುದು. ದೀಪಾವಳಿಯ ಚಳಿ ಬಂದ ಮೇಲೆ ಏರ್‌ಬ್ರಶ್.

ಮರಗಳ ಲೆಕ್ಕ ದೃಶ್ಯ ಕಟ್ಟುವವರನ್ನೆಲ್ಲ ಬೆಚ್ಚಿಬೀಳಿಸುತ್ತದೆ. 25 ಮೀಟರ್ ಎತ್ತರದ ಮರ 1:35ರಲ್ಲಿ 71 ಸೆಂಟಿಮೀಟರ್, 20 ಮೀಟರ್ ಬಿದಿರು 57. ಪ್ರಪಂಚದಾದ್ಯಂತ ಟ್ಯಾಂಕಿನ ಪಕ್ಕದಲ್ಲಿ ಗಿಡದಷ್ಟೆತ್ತರದ ಮರಗಳನ್ನು ನಿಲ್ಲಿಸುತ್ತಾರೆ, ದಾಂಡೇಲಿಯ ಕಾಡನ್ನು ಕಂಡವರಿಗೆ ಅದು ಸುಳ್ಳೆಂದು ತಕ್ಷಣ ಗೊತ್ತಾಗುತ್ತದೆ. ನಾನು ಮರದ ಬುಡಗಳನ್ನು ಮಾತ್ರ ಇಟ್ಟು, ಮೇಲ್ಭಾಗವನ್ನು ದೃಶ್ಯದ ಚೌಕಟ್ಟಿಗೆ ಕತ್ತರಿಸಿದ್ದೇನೆ. ನೆಲದ ಮೇಲೆ ತೇಗದ ಎಲೆ ಒಂದರಿಂದ ಒಂದೂವರೆ ಸೆಂಟಿಮೀಟರ್. ಲಾರಿಯ ಟಯರು ಮೂರೂವರೆ. ಈ ಎರಡು ಪಕ್ಕಪಕ್ಕದಲ್ಲಿದ್ದರೆ ವಾಹನದ ಗಾತ್ರವೂ ಕಾಡಿನ ಗಾತ್ರವೂ ಒಟ್ಟಿಗೆ ಹೊಳೆಯುತ್ತವೆ.

ದಾಂಡೇಲಿ ಕಾಗದದ ಊರು. 1955ರಲ್ಲಿ ಸ್ಥಾಪನೆಯಾದ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್ ಇಲ್ಲಿದೆ. ಕಿಟ್ ಕೊಳ್ಳಲು ಹಣವಿಲ್ಲದ ಮಕ್ಕಳು ಕೇಳಿದಾಗ ನಾನು ಕಾಗದದಿಂದಲೇ ಶುರುಮಾಡಿ ಎನ್ನುತ್ತೇನೆ. ಉಕ್ಕಿನ ಅಳತೆಪಟ್ಟಿ, ಚೂಪಾದ ಬ್ಲೇಡು, ಬಿಳಿ ಅಂಟು, ಅರ್ಧ ಮಿಲಿಮೀಟರ್ ದಪ್ಪದ ರಟ್ಟು. ಸೇತುವೆಯ ಎರಡು ಅರ್ಧಗಳನ್ನು ಕೊಯ್ದು, ನಡುವೆ ಗುಂಡುಸೂಜಿ ತೂರಿಸಿ ಮಡಚುವಂತೆ ಮಾಡಲು ಒಂದು ರಜಾದಿನ ಸಾಕು. ಅದು ಬಿಚ್ಚಿಕೊಂಡು ತನ್ನ ಉದ್ದಕ್ಕಿಂತ ತುಸು ಕಿರಿದಾದ ಹಳ್ಳವನ್ನು ದಾಟಿ, ಮೇಲೊಂದು ಇಟ್ಟಿಗೆ ಇಟ್ಟರೂ ಕುಸಿಯದಿದ್ದರೆ, ಲಾರಿ ಕಟ್ಟಲು ಬನ್ನಿ ಎಂದು ಕರೆಯುತ್ತೇನೆ.