ಫೋನ್ ಕಾರ್ಖಾನೆ ಗೆದ್ದ ಕಪ್, ನಾವು ಸೋತ ಎಪ್ಪತ್ತನೇ ನಿಮಿಷ

ಸಿದ್ದಾಪುರದ ಹತ್ತಿರದ ನಮ್ಮ ಅಜ್ಜನ ಮನೆ ಜಗುಲಿಯ ಮೂಲೆಯಲ್ಲಿ ಒಂದು ಹಳೇ ಫೋನ್ ಇದೆ. ಬೆರಳಿಟ್ಟು ತಿರುಗಿಸುವ ಡಯಲ್‌ನದ್ದು. ಲೈನ್ ಸತ್ತು ಎಷ್ಟೋ ವರ್ಷವಾಯ್ತು. ಆದರೂ ಅಜ್ಜಿ ವಾರಕ್ಕೊಮ್ಮೆ ಅದನ್ನು ಒರೆಸಿ ಇಡುತ್ತಾಳೆ. ಹೋದ ಸೆಮಿಸ್ಟರ್ ರಜೆಯಲ್ಲಿ ಅಲ್ಲಿಗೆ ಹೋದಾಗ ಮೂರು ದಿನ ಬಿಡದೆ ಮಳೆ. ಕರೆಂಟಿಲ್ಲ, ನೆಟ್‌ವರ್ಕ್ ಬಗ್ಗೆಯಂತೂ ಕೇಳಲೇಬೇಡಿ. ಮಾಡಲು ಬೇರೆ ಕೆಲಸವಿಲ್ಲದೆ ಆ ಫೋನನ್ನು ಮಗುಚಿ ನೋಡಿದೆ. ಅಡಿಯಲ್ಲಿ ಮೂರು ಅಕ್ಷರ: ಐಟಿಐ.

ನಾನು ಓದುತ್ತಿರುವುದು ಬಿಇ ಎಲೆಕ್ಟ್ರಾನಿಕ್ಸ್ ಅಂಡ್ ಕಮ್ಯುನಿಕೇಷನ್. ಐಟಿಐ ಅಂದರೆ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್, 1948ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಸರ್ಕಾರಿ ಕಾರ್ಖಾನೆ, ದೂರವಾಣಿನಗರ ಅನ್ನೋ ಹೆಸರೇ ಅದರಿಂದ ಬಂದದ್ದು ಅನ್ನೋದು ನನಗೆ ಗೊತ್ತಿತ್ತು. ಆದರೆ ಹಾಸ್ಟೆಲ್‌ಗೆ ವಾಪಸ್ ಬಂದು ಆ ಕಂಪನಿಯ ಇತಿಹಾಸ ಹುಡುಕುವಾಗ ಸಿಕ್ಕ ಒಂದು ಸಾಲು ನನ್ನನ್ನು ಕುರ್ಚಿಯಿಂದ ಎಬ್ಬಿಸಿತು. ಈ ಫೋನ್ ಕಾರ್ಖಾನೆಯ ತಂಡ 1977ರಲ್ಲಿ ಫುಟ್‌ಬಾಲ್‌ನ ಫೆಡರೇಷನ್ ಕಪ್ ಗೆದ್ದಿತ್ತು!

ಫೈನಲ್‌ನಲ್ಲಿ ಸೋತವರು ಯಾರು ಗೊತ್ತಾ? ಕೋಲ್ಕತ್ತಾದ ಮೋಹನ್ ಬಾಗಾನ್. ಅದೇ ವರ್ಷ ಡುರಾಂಡ್ ಕಪ್, ರೋವರ್ಸ್ ಕಪ್, ಐಎಫ್‌ಎ ಶೀಲ್ಡ್ ಮೂರನ್ನೂ ಗೆದ್ದ ತಂಡ. ಅದೇ ವರ್ಷ ಪೆಲೆ ಆಡಿದ ನ್ಯೂಯಾರ್ಕ್ ಕಾಸ್ಮೋಸ್ ವಿರುದ್ಧ ಈಡನ್ ಗಾರ್ಡನ್ಸ್‌ನಲ್ಲಿ 2-2 ಸಮ ಮಾಡಿಕೊಂಡ ತಂಡ. ಅಂಥವರನ್ನು ಎರ್ನಾಕುಲಂನಲ್ಲಿ 1-0ಯಿಂದ ಸೋಲಿಸಿದ್ದು, ನಮ್ಮ ಅಜ್ಜನ ಮನೆಯ ಫೋನ್ ತಯಾರಿಸಿದ ಕಾರ್ಖಾನೆಯ ಹೆಸರು ಹೊತ್ತ ಹುಡುಗರು.

ಇದನ್ನು ಓದಿದ ಕೂಡಲೇ ನಾನು ಫೋನ್ ಮಾಡಿದ್ದು ಯಲ್ಲಾಪುರದ ನನ್ನ ಗೆಳೆಯನಿಗೆ. ಯಾಕೆ ಅಂತ ಹೇಳುವ ಮೊದಲು ನಮ್ಮ ಸೋಲಿನ ಕಥೆ ಹೇಳಬೇಕು.

ಮೂರು ತಾಲ್ಲೂಕಿನ ಹನ್ನೊಂದು ಜನ

ನಮ್ಮ ಕಡೆ ಫುಟ್‌ಬಾಲ್ ಅಂದರೆ ಅಷ್ಟಕ್ಕಷ್ಟೇ. ಹೊನಲು ಬೆಳಕಿನ ವಾಲಿಬಾಲ್ ಪಂದ್ಯಾವಳಿ ಅಂದರೆ ಊರೇ ನೆರೆಯುತ್ತದೆ. ಕಬಡ್ಡಿಗೂ ಜನ ಇದ್ದಾರೆ. ಕ್ರಿಕೆಟ್ ಬಗ್ಗೆ ಹೇಳುವುದೇ ಬೇಡ. ಆದರೆ ಮಲೆನಾಡಿನ ಮಳೆಗೆ ಕ್ರಿಕೆಟ್ ನಾಲ್ಕು ತಿಂಗಳು ಮಲಗುತ್ತದೆ, ಆಗ ಉಳಿಯುವುದು ಫುಟ್‌ಬಾಲ್ ಒಂದೇ. ಶಿರಸಿಯಲ್ಲಿ ಪಿಯುಸಿ ಓದುವಾಗ ನಾವು ಹಾಗೆಯೇ ಆಡಲು ಕಲಿತವರು. ಸಿದ್ದಾಪುರದಿಂದ ನಾನು ಮತ್ತು ಮೂವರು, ಯಲ್ಲಾಪುರದಿಂದ ಇಬ್ಬರು, ಉಳಿದವರು ಶಿರಸಿಯವರು. ಕೊಯ್ಲಾದ ಗದ್ದೆಯಲ್ಲಿ, ಮಳೆ ನಿಂತ ಮೈದಾನದಲ್ಲಿ, ಒಂದು ಕಡೆಗೆ ಆರೋ ಏಳೋ ಜನ. ಬ್ಯಾಗುಗಳೇ ಗೋಲುಕಂಬ.

ದ್ವಿತೀಯ ಪಿಯುಸಿ ಮುಗಿದ ಮೇಲೆ ಹುಬ್ಬಳ್ಳಿಯಲ್ಲಿ ಒಂದು ನಾಕೌಟ್ ಟೂರ್ನಿ ಇದೆ, ಪ್ರವೇಶ ಶುಲ್ಕ ಕಟ್ಟಿದ ಯಾವ ತಂಡ ಬೇಕಾದರೂ ಆಡಬಹುದು ಅಂತ ತಿಳಿಯಿತು. ಹನ್ನೊಂದು ಜನ ದುಡ್ಡು ಕೂಡಿಸಿದೆವು. ಒಂದೇ ಬಣ್ಣದ ಟೀ ಶರ್ಟ್ ಕೊಂಡೆವು. ಐದು ಜನಕ್ಕೆ ಬೂಟ್ ಇರಲಿಲ್ಲ, ಎರವಲು ತಂದೆವು. ಬೆಳಗಿನ ಬಸ್ಸಿಗೆ ಹೊರಟೆವು.

ಎದುರಾಳಿಗಳು ಹಗಲು ಕೆಲಸ ಮಾಡಿ ಸಂಜೆ ಅಭ್ಯಾಸ ಮಾಡುವ ನೌಕರರ ತಂಡ. ಕೆಲವರಿಗೆ ಹೊಟ್ಟೆಯೂ ಬಂದಿತ್ತು. ನಾವು ಒಳಗೊಳಗೇ ನಕ್ಕೆವು. ಮೊದಲಾರ್ಧ 0-0. ಯಲ್ಲಾಪುರದ ಗೆಳೆಯ ನಮ್ಮ ಗೋಲಿ, ಎರಡು ಖಚಿತ ಗೋಲು ತಡೆದ. ಗೆದ್ದೇ ಬಿಡುತ್ತೇವೆ ಅಂದುಕೊಂಡೆವು. ಎಪ್ಪತ್ತನೇ ನಿಮಿಷಕ್ಕೆ ಕಾಲುಗಳು ನಮ್ಮ ಮಾತು ಕೇಳುವುದನ್ನು ನಿಲ್ಲಿಸಿದವು. ಕೊನೆಯ ಇಪ್ಪತ್ತು ನಿಮಿಷದಲ್ಲಿ ನಾಲ್ಕು ಗೋಲು! ಪಂದ್ಯ ಮುಗಿದ ಮೇಲೆ ಅವರ ನಾಯಕ ನನ್ನ ಹೆಗಲ ಮೇಲೆ ಕೈ ಹಾಕಿ, ‘ನಾವೇನೂ ನಿಮಗಿಂತ ಚೆನ್ನಾಗಿ ಆಡಲ್ಲಪ್ಪ. ದಿನಾ ಆಡ್ತೀವಿ, ಅಷ್ಟೇ’ ಅಂದರು.

ಆ ‘ಅಷ್ಟೇ’ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ನಾವು ಅಲ್ಲಿಯವರೆಗೆ ಪೂರ್ತಿ ಅಳತೆಯ ಮೈದಾನದಲ್ಲಿ ತೊಂಬತ್ತು ನಿಮಿಷ ಒಮ್ಮೆಯೂ ಆಡಿರಲಿಲ್ಲ.

ನಾಕೌಟ್ ಲೆಕ್ಕ

ನಾಕೌಟ್‌ನ ಸೊಗಸು ಇರುವುದು ಅದರ ಸರಳತೆಯಲ್ಲಿ. ಗೆದ್ದರೆ ಮುಂದೆ, ಸೋತರೆ ಮನೆಗೆ. ಪ್ರತಿ ಪಂದ್ಯಕ್ಕೆ ಒಂದು ತಂಡ ಹೊರಗೆ. ಹಾಗಾಗಿ 16 ತಂಡಗಳಿದ್ದರೆ 15 ಪಂದ್ಯ, 64 ಇದ್ದರೆ 63. ಮೊದಲ ಸುತ್ತಿಗೇ ಅರ್ಧ ಜನ ಬಸ್ ಸ್ಟ್ಯಾಂಡ್‌ನಲ್ಲಿರುತ್ತಾರೆ. ನಾವೂ ಇದ್ದೆವು.

ಈ ಪದ್ಧತಿಯ ಹಿರಿಯಣ್ಣ ಇಂಗ್ಲೆಂಡಿನ ಎಫ್.ಎ. ಕಪ್. 1871-72ರಲ್ಲಿ 15 ತಂಡಗಳೊಂದಿಗೆ ಶುರುವಾಯಿತು. ಮೊದಲ ಫೈನಲ್‌ನಲ್ಲಿ ವಾಂಡರರ್ಸ್ ತಂಡಕ್ಕೆ 1-0ಯಿಂದ ಸೋತದ್ದು ರಾಯಲ್ ಇಂಜಿನಿಯರ್ಸ್, ಅಂದರೆ ಬ್ರಿಟಿಷ್ ಸೇನೆಯ ಇಂಜಿನಿಯರುಗಳ ತಂಡ. ನಮ್ಮ ಬ್ರ್ಯಾಂಚಿನವರು ಸೋಲುವುದಕ್ಕೂ ಇತಿಹಾಸ ಇದೆ ನೋಡಿ! ಆದರೆ ಅವರು ಬಿಡಲಿಲ್ಲ, 1875ರಲ್ಲಿ ಕಪ್ ಗೆದ್ದರು. ಇವತ್ತು ಆ ಕಪ್‌ಗೆ ವರ್ಷವೂ 700ಕ್ಕೂ ಹೆಚ್ಚು ತಂಡಗಳು ಬರುತ್ತವೆ. ಕೋಟಿಗಟ್ಟಲೆ ಸಂಬಳದ ಕ್ಲಬ್‌ಗಳೂ, ಊರ ಹವ್ಯಾಸಿ ತಂಡಗಳೂ ಒಂದೇ ಪಟ್ಟಿಯಲ್ಲಿ.

ಫ್ರಾನ್ಸಿನ ಕಪ್ ಕೂಡ ಹಾಗೆಯೇ. 2000ನೇ ಇಸವಿಯಲ್ಲಿ ಕ್ಯಾಲೆ ಎಂಬ ಬಂದರು ಊರಿನ ಹವ್ಯಾಸಿ ತಂಡ, ಅದೂ ನಾಲ್ಕನೇ ದರ್ಜೆಯ ತಂಡ, ಆಗಿನ ಚಾಂಪಿಯನ್ ಬೋರ್ಡೋವನ್ನು ಸೆಮಿಫೈನಲ್‌ನಲ್ಲಿ ಸೋಲಿಸಿ ಫೈನಲ್‌ಗೆ ಬಂತು. ಅಲ್ಲಿ ನಾಂಟ್ ತಂಡಕ್ಕೆ 2-1ರಿಂದ ಸೋತಿತು, ಅದೂ ಕೊನೆಯ ಗಳಿಗೆಯ ಪೆನಾಲ್ಟಿಯಿಂದ. ಆದರೆ ಕಪ್ ಎತ್ತುವಾಗ ನಾಂಟ್ ನಾಯಕ ಲಾಂಡ್ರೋ, ಸೋತ ಕ್ಯಾಲೆ ತಂಡದ ನಾಯಕನನ್ನು ಪಕ್ಕಕ್ಕೆ ಕರೆದರು. ಇಬ್ಬರೂ ಸೇರಿ ಕಪ್ ಎತ್ತಿದರು.

ಇಂಥ ಕಥೆ ಕೇಳಿದಾಗ ‘ನಾಕೌಟ್‌ನಲ್ಲಿ ಯಾರು ಬೇಕಾದರೂ ಗೆಲ್ಲಬಹುದು’ ಅನ್ನಿಸುತ್ತದೆ. ಸ್ವಲ್ಪ ಲೆಕ್ಕ ಹಾಕೋಣ. ಒಂದು ದುರ್ಬಲ ತಂಡಕ್ಕೆ ಪ್ರತಿ ಪಂದ್ಯ ಗೆಲ್ಲುವ ಸಾಧ್ಯತೆ ಐದರಲ್ಲಿ ಒಂದು ಅಂತಿಟ್ಟುಕೊಳ್ಳಿ. ಒಂದು ಪಂದ್ಯಕ್ಕೆ ಅದು ಕೆಟ್ಟ ಅವಕಾಶವೇನಲ್ಲ. ಆದರೆ ಸತತ ನಾಲ್ಕು ಪಂದ್ಯ ಗೆಲ್ಲುವ ಸಾಧ್ಯತೆ 625ರಲ್ಲಿ ಒಂದು! ಅಂದರೆ ಅದೃಷ್ಟ ಒಂದು ಸುತ್ತು ದಾಟಿಸಬಹುದು. ಫೈನಲ್‌ವರೆಗೆ ಹೊತ್ತುಕೊಂಡು ಹೋಗಲಾರದು. ಕ್ಯಾಲೆಯಾಗಲಿ, ಐಟಿಐ ಆಗಲಿ, ಬರೀ ಅದೃಷ್ಟದಿಂದ ಅಲ್ಲಿಗೆ ತಲುಪಿದ್ದಲ್ಲ.

ಮೊದಲನೆಯದೂ ಕೊನೆಯದೂ ಬೆಂಗಳೂರಿಗೆ

ಐಟಿಐ ಗೆದ್ದ 1977ರ ಟೂರ್ನಿಯೇ ಮೊದಲ ಫೆಡರೇಷನ್ ಕಪ್. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ದೇಶದ ಕ್ಲಬ್‌ಗಳಿಗಾಗಿ ನಡೆಸಿದ ಕಪ್ ಅದು. ಕೆಲವು ವರ್ಷ ಗುಂಪು ಹಂತ ಇದ್ದರೂ ಕೊನೆಗೆ ನಾಕೌಟ್. ಆ ಕಪ್ ಕೊನೆಯ ಸಲ ನಡೆದದ್ದು 2017ರಲ್ಲಿ. ಮುಂದಿನ ವರ್ಷದಿಂದ ಅದರ ಜಾಗಕ್ಕೆ ಸೂಪರ್ ಕಪ್ ಬಂತು. ಆ ಕೊನೆಯ ಫೆಡರೇಷನ್ ಕಪ್ ಗೆದ್ದವರು ಬೆಂಗಳೂರು ಎಫ್‌ಸಿ. ಕಟಕ್‌ನಲ್ಲಿ ನಡೆದ ಫೈನಲ್‌ನ ಹೆಚ್ಚುವರಿ ಸಮಯದಲ್ಲಿ ಸಿ.ಕೆ. ವಿನೀತ್ ಎರಡು ಗೋಲು ಹೊಡೆದರು. ಸೋತವರು? ಮತ್ತೆ ಮೋಹನ್ ಬಾಗಾನ್!

ನಲವತ್ತು ವರ್ಷಗಳ ಅಂತರ. ಮೊದಲ ಕಪ್ಪೂ ಕೊನೆಯ ಕಪ್ಪೂ ಒಂದೇ ಊರಿಗೆ, ಫೈನಲ್‌ನಲ್ಲಿ ಸೋತದ್ದೂ ಒಂದೇ ತಂಡ. ಆದರೆ ಗೆದ್ದ ತಂಡಗಳ ನಡುವೆ ಒಂದು ಯುಗವೇ ಇದೆ. 1977ರವರು ಕಾರ್ಖಾನೆಯ ತಂಡ. ಆಟ ಬಲ್ಲ ಹುಡುಗನಿಗೆ ಅಲ್ಲಿ ನೌಕರಿ ಸಿಗುತ್ತಿತ್ತು, ನೌಕರಿಯ ಜೊತೆಗೆ ಮೈದಾನ, ಅಭ್ಯಾಸಕ್ಕೆ ಸಮಯ. ಕಾಲು ಮುರಿದರೂ ತಿಂಗಳ ಸಂಬಳಕ್ಕೆ ಭಯವಿಲ್ಲ. ಐಟಿಐ ಮಾತ್ರವಲ್ಲ, ಎಚ್‌ಎಎಲ್ ತಂಡವೂ ಹಾಗೆಯೇ ಬೆಳೆದು ಐ-ಲೀಗ್‌ವರೆಗೆ ಹೋಗಿತ್ತು. 2012ರಲ್ಲಿ ಅದು ಅಲ್ಲಿಂದ ಕೆಳಗಿಳಿಯಿತು. ಮರುವರ್ಷ, 2013ರಲ್ಲಿ, ವೃತ್ತಿಪರ ಕ್ಲಬ್ಬಾಗಿ ಬೆಂಗಳೂರು ಎಫ್‌ಸಿ ಹುಟ್ಟಿತು. ಮೊದಲ ಸೀಸನ್‌ನಲ್ಲೇ ಐ-ಲೀಗ್ ಗೆದ್ದಿತು, 2022ರಲ್ಲಿ ಡುರಾಂಡ್ ಕಪ್ಪನ್ನೂ ತಂದಿತು. ನಾನೂ ಅದರ ಅಭಿಮಾನಿಯೇ. ಆದರೆ ಅಲ್ಲಿ ಆಡಬೇಕೆಂದರೆ ಹತ್ತು ಹನ್ನೆರಡನೇ ವಯಸ್ಸಿಗೇ ಅಕಾಡೆಮಿಗೆ ಸೇರುವವರ ಜೊತೆ ಪೈಪೋಟಿ. ಹದಿನೇಳಕ್ಕೆ ಮೊದಲ ಬಾರಿ ಬೂಟ್ ಹಾಕಿದ ನಮ್ಮಂಥವರಿಗೆ ಆ ಬಾಗಿಲು ದೂರ. ಫೋನ್ ಕಾರ್ಖಾನೆಯ ಬಾಗಿಲು ಅಷ್ಟು ದೂರ ಇರಲಿಲ್ಲ.

ನಮ್ಮದೇ ಜಿಲ್ಲೆಯಲ್ಲಿ ಇದಕ್ಕೊಂದು ಸಾಕ್ಷಿ ಇದೆ. 1980ರ ದಶಕದ ಕೊನೆಯಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಸಮುದಾಯದ ಮಕ್ಕಳನ್ನು ಆರಿಸಿ ಅಥ್ಲೆಟಿಕ್ಸ್ ತರಬೇತಿ ಕೊಟ್ಟಿತು. ಅವರಲ್ಲಿ ಕೆಲವರು ರಾಷ್ಟ್ರಮಟ್ಟಕ್ಕೇರಿದರು, ಕ್ರೀಡಾ ಕೋಟಾದಲ್ಲಿ ನೌಕರಿ ಪಡೆದವರೂ ಇದ್ದಾರೆ. ಕೆಲವೇ ವರ್ಷದಲ್ಲಿ ಯೋಜನೆ ನಿಂತಿತು. ಅರ್ಧ ದಾರಿಯಲ್ಲಿ ಊರಿಗೆ ಮರಳಿದವರು ಎಷ್ಟೋ. ಓಡುವ ಕಾಲುಗಳು ಹಾಗೆಯೇ ಇದ್ದವು, ಓಡಿಸುವ ವ್ಯವಸ್ಥೆ ನಿಂತಿತು.

ಗೋಲಿಯ ಪ್ರಶ್ನೆ

ಈಗ ಯಲ್ಲಾಪುರದ ಗೆಳೆಯನ ವಿಷಯ. ಪಿಯುಸಿ ನಂತರ ಮನೆಯ ಪರಿಸ್ಥಿತಿಯಿಂದ ಓದು ಬಿಟ್ಟ. ಹಗಲು ಅಡಿಕೆ ವ್ಯಾಪಾರದ ಅಂಗಡಿಯಲ್ಲಿ ಮೂಟೆ ಹೊರುತ್ತಾನೆ, ಬೆಳಿಗ್ಗೆ ಎದ್ದು ಸೇನಾ ಭರ್ತಿಯ 1.6 ಕಿಲೋಮೀಟರ್ ಓಟಕ್ಕೆ ತಯಾರಿ ಮಾಡುತ್ತಾನೆ. ನಾನು ಐಟಿಐ ಕಥೆ ಹೇಳಿ ಮುಗಿಸಿದ ಮೇಲೆ ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, ‘ಆ ಕಾಲದಲ್ಲಿ ಹುಟ್ಟಬೇಕಿತ್ತು ಕಣೋ. ಗ್ಲೌಸ್ ಯಾರಿಗೋ ಕೊಟ್ಟೆ, ಇನ್ನು ಫುಟ್‌ಬಾಲ್ ಸಾಕು’ ಅಂದ.

ನನಗೆ ಉತ್ತರ ಹೊಳೆಯಲಿಲ್ಲ. ನಾನೂ ಅವನಿಗಿಂತ ಮೇಲೇನಲ್ಲ. ಐದನೇ ಸೆಮಿಸ್ಟರ್, ತಲೆಯ ಮೇಲೆ ಒಂದು ಬ್ಯಾಕ್‌ಲಾಗ್, ಮುಂದಿನ ವರ್ಷ ಪ್ಲೇಸ್‌ಮೆಂಟ್. ಮನೆಗೆ ಹೋದಾಗಲೆಲ್ಲ ಅಪ್ಪನದ್ದು ಒಂದೇ ಪ್ರಶ್ನೆ, ‘ತಮಾ, ಚೆಂಡು ಒದ್ರೆ ಅನ್ನ ಹುಟ್ತಾ?’ ಅಪ್ಪನ ಪ್ರಶ್ನೆಯಲ್ಲಿ ತಪ್ಪಿಲ್ಲ. 1977ರಲ್ಲಿ ಅದಕ್ಕೆ ‘ಹುಟ್ತು’ ಅನ್ನುವ ಉತ್ತರ ಬೆಂಗಳೂರಿನ ಕಾರ್ಖಾನೆಗಳಲ್ಲಿ ಇತ್ತು. ಈಗ ಅಂಥ ಉತ್ತರ ಕಡಿಮೆಯಾಗಿದೆ.

ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ. ಎರಡು ದಿನ ಬಿಟ್ಟು ಮತ್ತೆ ಅವನಿಗೆ ಫೋನ್ ಮಾಡಿದೆ. 1888ರಲ್ಲಿ ಶಿಮ್ಲಾದಲ್ಲಿ ಶುರುವಾದ ಡುರಾಂಡ್ ಕಪ್‌ನಲ್ಲಿ ಇವತ್ತಿಗೂ ಐಎಸ್‌ಎಲ್ ಕ್ಲಬ್‌ಗಳ ಜೊತೆ ಸೇನೆ, ನೌಕಾಪಡೆ, ವಾಯುಪಡೆಗಳ ತಂಡಗಳು ಆಡುತ್ತವೆ. 2016ರಲ್ಲಿ ಆ ಕಪ್ ಗೆದ್ದದ್ದೇ ಆರ್ಮಿ ಗ್ರೀನ್ ಎಂಬ ಸೇನಾ ತಂಡ. 2025ರಲ್ಲಿ, ಹುಟ್ಟಿ ಮೂರೇ ವರ್ಷವಾದ ಡೈಮಂಡ್ ಹಾರ್ಬರ್ ಕ್ಲಬ್ ಸೆಮಿಫೈನಲ್‌ನಲ್ಲಿ ಈಸ್ಟ್ ಬೆಂಗಾಲನ್ನು 2-1ರಿಂದ ಮಣಿಸಿತು. ಫೈನಲ್‌ನಲ್ಲಿ 6-1ರಿಂದ ಸೋತಿತು ಅನ್ನೋದನ್ನೂ ಮುಚ್ಚಿಡದೆ ಹೇಳಿದೆ. ‘ನೀನು ಹೇಗೂ ಭರ್ತಿಗೆ ಓಡ್ತಾ ಇದ್ದೀಯ. ಅಲ್ಲಿಗೆ ಸೇರಿದ ಮೇಲೆ ಚೆಂಡು ಹಿಡಿಯೋ ಕೈ ಬೇಡ ಅಂತ ಯಾರಂತಾರೆ?’ ಅಂದೆ. ಅವನು ನಕ್ಕ. ನಗು ಕೇಳಿ ಎಷ್ಟೋ ದಿನವಾಗಿತ್ತು.

ಸುಳ್ಳು ಭರವಸೆ ಕೊಟ್ಟೆನೇನೋ ಅಂತ ರಾತ್ರಿ ಯೋಚಿಸಿದೆ. ಅವನು ಸೇನಾ ತಂಡದಲ್ಲಿ ಆಡುತ್ತಾನೆ ಅಂತ ನಾನು ಹೇಳುತ್ತಿಲ್ಲ. ಭರ್ತಿಯ ಓಟವೂ ಒಂದು ನಾಕೌಟ್ ತಾನೇ? ನಮ್ಮ ಆಪ್ಟಿಟ್ಯೂಡ್ ಟೆಸ್ಟ್, ಗ್ರೂಪ್ ಡಿಸ್ಕಷನ್, ಇಂಟರ್‌ವ್ಯೂ ಕೂಡ ಅದೇ. ಪ್ರತಿ ಸುತ್ತಿಗೂ ಅರ್ಧ ಜನ ಬಸ್ ಸ್ಟ್ಯಾಂಡಿಗೆ. ಬಾಗಿಲು ತೆರೆದಿದೆ ಅನ್ನೋದಷ್ಟೇ ಸಾಲದು ಅಂತ ನಮಗೆ ಹುಬ್ಬಳ್ಳಿಯಲ್ಲೇ ಗೊತ್ತಾಗಿತ್ತು. ಕಾರ್ಖಾನೆಯ ಹುಡುಗರಿಗೆ ದಿನವೂ ಆಡಲು ಒಬ್ಬರು ಜಾಗ, ಸಮಯ ಮಾಡಿಕೊಟ್ಟಿದ್ದರು. ನಮಗೆ ಅದನ್ನು ಮಾಡಿಕೊಡುವವರು ಬೇಕು ಅಂತ ಕೇಳೋಣ, ಕೇಳಲೇಬೇಕು. ತಾಲ್ಲೂಕಿಗೊಂದು ಪೂರ್ತಿ ಅಳತೆಯ ಫುಟ್‌ಬಾಲ್ ಮೈದಾನ, ಎರಡು ಗೋಲುಕಂಬ ದೊಡ್ಡ ಬೇಡಿಕೆಯೇನಲ್ಲ. ಅದು ಬರುವವರೆಗೆ ನಾವೇ ಮಾಡಿಕೊಳ್ಳುವಷ್ಟನ್ನು ಮಾಡಿಕೊಳ್ಳೋಣ.

ಹಳೇ ತಂಡದ ವಾಟ್ಸ್‌ಆ್ಯಪ್ ಗ್ರೂಪ್ ಮತ್ತೆ ಜೀವ ಪಡೆದಿದೆ. ತಿಂಗಳಿಗೊಂದು ಭಾನುವಾರ ಎಲ್ಲರೂ ಶಿರಸಿಗೆ ಬರುವುದು, ಏನೇ ಆಗಲಿ ತೊಂಬತ್ತು ನಿಮಿಷ ಪೂರ್ತಿ ಆಡುವುದು ಅಂತ ತೀರ್ಮಾನ. ಹೋದ ಭಾನುವಾರ ಏಳು ಜನ ಬಂದರು. ಉಳಿದ ಜಾಗಕ್ಕೆ ಅಲ್ಲೇ ನೋಡುತ್ತಾ ನಿಂತಿದ್ದ ಹೈಸ್ಕೂಲು ಹುಡುಗರನ್ನು ಕರೆದೆವು. ಗೋಲಿ ಯಲ್ಲಾಪುರದಿಂದ ಮೊದಲ ಬಸ್ಸಿಗೇ ಬಂದಿದ್ದ. ಗ್ಲೌಸ್ ಇರಲಿಲ್ಲ, ಅಂಗಡಿಯಲ್ಲಿ ಮೂಟೆ ಹೊರುವಾಗ ಹಾಕುವ ಕೈಗವಸು ತಂದಿದ್ದ.

ಎಪ್ಪತ್ತನೇ ನಿಮಿಷಕ್ಕೆ ನನ್ನ ಕಾಲು ಮತ್ತೆ ಹಿಡಿದುಕೊಂಡಿತು. ಎಂಬತ್ತರವರೆಗೆ ಕುಂಟುತ್ತಾ ಆಡಿದೆ. ಹತ್ತು ನಿಮಿಷ ಜಾಸ್ತಿಯಾಯ್ತಲ್ಲ!