ಜಾಂಬವಂತನ ಬಂಧುವೂ ಜೇನುಪೆಟ್ಟಿಗೆಯೂ

ಸೀತೆಯ ಸುದ್ದಿಯನ್ನು ಹೊತ್ತು ಮರಳಿದ ಕಪಿವೀರರು ಸುಗ್ರೀವನ ಮಧುವನವನ್ನು ಹೊಕ್ಕು ಸೂರೆಗೊಂಡ ಕಥೆ ಮಕ್ಕಳಿಗೂ ಗೊತ್ತು. ಆ ತಂಡದಲ್ಲಿ ಜಾಂಬವಂತನೂ ಇದ್ದನೆಂಬುದನ್ನು ನಾವು ಮರೆಯುತ್ತೇವೆ. ಕಾವಲುಗಾರ ದಧಿಮುಖನ ಪಾಡು ಏನಾಗಿತ್ತೆಂಬುದನ್ನು ಭದ್ರಾವತಿಯಿಂದಾಚೆ ಲಕ್ಕವಳ್ಳಿಯ ಕಡೆಗೂ ಶಿವಮೊಗ್ಗದಿಂದಾಚೆ ಶೆಟ್ಟಿಹಳ್ಳಿಯ ಕಡೆಗೂ ಕಾಡಂಚಿನಲ್ಲಿ ಜೇನು ಸಾಕುವವರಿಗೆ ವಿವರಿಸಬೇಕಾಗಿಲ್ಲ.

1998ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾದ ಭದ್ರಾ ಅಭಯಾರಣ್ಯವೂ ಶೆಟ್ಟಿಹಳ್ಳಿಯ ಕಾಡೂ ಕರಡಿಯ ನೆಲೆಗಳು. ಹಿಮದ ನಾಡಿನ ತನ್ನ ದಾಯಾದಿಗಳಂತೆ ನಮ್ಮ ಕರಡಿ ಚಳಿಗಾಲವನ್ನು ನಿದ್ರೆಯಲ್ಲಿ ಕಳೆಯುವುದಿಲ್ಲ; ವರ್ಷವಿಡೀ ಅದಕ್ಕೆ ಹೊಟ್ಟೆಯ ಚಿಂತೆಯೇ. ಮೇಲ್ದವಡೆಯ ಮುಂದಿನ ಎರಡು ಹಲ್ಲುಗಳು ಅದಕ್ಕಿಲ್ಲ. ಆ ಸಂದಿನಿಂದಲೇ ಗೆದ್ದಲನ್ನು ಹೀರುತ್ತದೆ. ಹುತ್ತವನ್ನು ಬಗೆಯುವ ಉಗುರಿಗೆ ಹಲಗೆಯ ಪೆಟ್ಟಿಗೆ ಯಾವ ಲೆಕ್ಕ? ಅದು ಜೇನನ್ನಷ್ಟೇ ಅಲ್ಲ, ಕೊಬ್ಬಿದ ಮರಿಹುಳುಗಳನ್ನೂ ಎರಿಸಮೇತ ತಿನ್ನುತ್ತದೆ. ಹೋದ ಜೇನನ್ನು ಹೂವು ತುಂಬಿಕೊಡಬಹುದು. ಮರಿಗಳು ಹೋದರೆ ಸಂಸಾರವೇ ಹೋದಂತೆ.

ಪೆಟ್ಟಿಗೆಯ ಕಾಲಿಗೆ ನೀರಿನ ಬಟ್ಟಲಿಡುವುದು ಇರುವೆಗೆ ತಡೆ, ಕರಡಿಗಲ್ಲ. ಅಟ್ಟಣೆ ಕಟ್ಟಿದರೂ ಮರವೇರಬಲ್ಲ ಪ್ರಾಣಿಯದು. ಕಂಬಗಳಿಗೆ ನುಣುಪಾದ ತಗಡನ್ನು ಸುತ್ತಿದರೆ ಉಗುರಿಗೆ ಹಿಡಿತ ಸಿಗದು. ಪೆಟ್ಟಿಗೆಗಳನ್ನು ಮನೆಯ ಹತ್ತಿರವೇ ಇಡುವುದು ಮೇಲು. ಅಮೆರಿಕ, ಕೆನಡಗಳಲ್ಲಿ ಹೆಚ್ಚು ನೆಚ್ಚಿರುವುದು ಬ್ಯಾಟರಿಯಿಂದ ಕ್ಷಣಕ್ಷಣಕ್ಕೂ ಸಣ್ಣ ಆಘಾತ ಕೊಡುವ ವಿದ್ಯುತ್ ಬೇಲಿಯನ್ನು. ಅದು ಬೆದರಿಸುತ್ತದೆ, ಕೊಲ್ಲುವುದಿಲ್ಲ. ಮನೆಯ ವಿದ್ಯುತ್ತನ್ನೇ ನೇರವಾಗಿ ತಂತಿಗೆ ಹರಿಸುವುದಾದರೋ ಘೋರ ಅಪರಾಧ. 1972ರ ವನ್ಯಜೀವಿ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿ ಕರಡಿಗೆ ರಕ್ಷಣೆಯಿದೆ. ಕತ್ತಲಲ್ಲಿ ಆ ತಂತಿಯನ್ನು ಮುಟ್ಟುವುದು ನೆರೆಮನೆಯ ಮಗುವೂ ಆಗಬಹುದು.

ಕರಡಿ ಬಂದುಹೋದ ಮೇಲೆ ಏನು? ಕೂಡಲೇ ಕೈಹಾಕದೆ ಹುಳುಗಳ ಸಿಟ್ಟು ಇಳಿಯಲು ಬಿಡಬೇಕು. ಆದರೆ ಎರಿಗಳು ಬಿಸಿಲಿಗೆ ಬೀಳಬಾರದು. ಮರಿಗಳಿಗೆ ಸುಮಾರು 33ರಿಂದ 35 ಡಿಗ್ರಿ ಸೆಲ್ಸಿಯಸ್ ಕಾವು ಬೇಕು. ಬಿಸಿಲೂ ಕೊಲ್ಲುತ್ತದೆ, ಮಲೆನಾಡಿನ ಮಾಗಿಯ ರಾತ್ರಿಯೂ ಕೊಲ್ಲುತ್ತದೆ. ಜೇನು ತುಂಬಿದ ಭಾಗವನ್ನು ಕತ್ತರಿಸಿ ತೆಗೆದು, ಮರಿಯಿರುವ ತುಂಡನ್ನು ಮೊದಲಿದ್ದಂತೆಯೇ ಮೇಲು ಮೇಲಾಗಿ ನಿಲ್ಲಿಸಿ ಬಾಳೆನಾರಿನಿಂದ ಚೌಕಟ್ಟಿಗೆ ಕಟ್ಟಬೇಕು. ಹುಳುಗಳು ಅದನ್ನು ಮೇಣದಿಂದ ಬೆಸೆದ ಮೇಲೆ ನಾರನ್ನು ತಾವೇ ಕಡಿದು ಹೊರಹಾಕುತ್ತವೆ. ಮರಿಯ ಎರಿಗಳು ಸಂಸಾರಕೋಣೆಯ ನಡುವೆ ಒತ್ತಾಗಿರಲಿ. ನಡುವೆ ಬರಿಯ ಚೌಕಟ್ಟು ಬೇಡ. ಸೋರಿದ ಜೇನನ್ನು ಒರೆಸದೆ ಬಿಟ್ಟರೆ ಇರುವೆಯೂ ನೆರೆಗೂಡಿನ ಕಳ್ಳಹುಳುಗಳೂ ಮುತ್ತುತ್ತವೆ.

ಬೇರೆ ಪೆಟ್ಟಿಗೆಯಿಂದ ಮರಿಯ ಎರಿಯನ್ನು ಎರವಲು ತರುವ ರೂಢಿಯುಂಟು. 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ರೋಗ ಕರ್ನಾಟಕದ ತುಡುವೆ ಸಂಸಾರಗಳನ್ನು ನಾಶಮಾಡಿದ್ದನ್ನು ಬಲ್ಲವರು ರೋಗವಿಲ್ಲವೆಂದು ಖಚಿತವಾಗದ ಎರಿಯನ್ನು ಮುಟ್ಟಲಾರರು.

ಪೆಟ್ಟಿಗೆಯನ್ನೇ ಬೇರೆಡೆಗೆ ಸಾಗಿಸುವುದಾದರೆ, ಹುಳುಗಳೆಲ್ಲ ಒಳಸೇರಿದ ರಾತ್ರಿಯಲ್ಲಿ, ಗಾಳಿಯಾಡುವ ಬಲೆಯಿಂದ ಬಾಗಿಲು ಮುಚ್ಚಿ, ಎರಡು ಮೂರು ಕಿಲೋಮೀಟರಿಗಿಂತ ದೂರ ಒಯ್ಯಬೇಕು. ಹತ್ತಿರವಾದರೆ ಹುಳುಗಳು ಹಳೆಯ ಜಾಗಕ್ಕೇ ಮರಳಿ ಅಲೆಯುತ್ತವೆ. ತುಡುವೆ ಮುನಿಸಿನ ಜಾತಿ, ಬೆದರಿದರೆ ಗೂಡನ್ನೇ ತೊರೆಯುತ್ತದೆ. ಕೆಲವು ದಿನ ಬಾಗಿಲಿಗೆ ರಾಣಿತಡೆಯಿಟ್ಟು, ಸಂಜೆ ಸಕ್ಕರೆಪಾಕ ಕೊಡಬೇಕು. ಕಾಲಲ್ಲಿ ಪರಾಗ ಹೊತ್ತ ಹುಳುಗಳು ಧಾರಾಳವಾಗಿ ಒಳಹೋಗತೊಡಗಿದರೆ ಮರಿಗಳ ಪೋಷಣೆ ನಡೆದಿದೆಯೆಂದು ತಿಳಿದು ತಡೆಯನ್ನು ತೆಗೆಯಬಹುದು.